ಓಕುಳಿಗೆ ಬಿದ್ದ ಹನಿ

"ಏಯ್, ನಿಲ್ಲು! ಆಸಿಡ್ ಒಳಗ ನೀರು ಹಾಕಬ್ಯಾಡ!"

ಹೇಮಾಕ್ಷಿ ಬೆಚ್ಚಿಬಿದ್ದಳು. ಪಕ್ಕದ ಮೇಜಿನಿಂದ ಧಾವಿಸಿ ಬಂದವನೊಬ್ಬ ಅವಳ ಮಣಿಕಟ್ಟು ಹಿಡಿದು ಹಿಂದಕ್ಕೆಳೆದ. ಕೈಯಲ್ಲಿದ್ದ ನೀರಿನ ಬೀಕರ್ ನೆಲಕ್ಕೆ ಬಿದ್ದು ಚೂರುಚೂರಾಯಿತು.

ವಿಶಾಖಪಟ್ಟಣದ ಆ ಕಾಲೇಜಿನಲ್ಲಿ ಬಿಎಸ್ಸಿ ಮೊದಲ ವರ್ಷದ ಮೊಟ್ಟಮೊದಲ ಕೆಮಿಸ್ಟ್ರಿ ಪ್ರಾಕ್ಟಿಕಲ್ ಅದು. ಇಡೀ ಲ್ಯಾಬ್ ಅವಳನ್ನೇ ನೋಡುತ್ತಿತ್ತು. ಯಾರೋ ಕಿಸಕ್ಕೆಂದು ನಕ್ಕರು.

"ನೀರಿಗೆ ಆಸಿಡ್ ಹಾಕಬೇಕ್ರಿ, ನಿಧಾನಕ್ಕ. ಆಸಿಡ್‌ಗೆ ನೀರು ಹಾಕಿದ್ರೆ ಮುಖಕ್ಕೇ ಸಿಡೀತದ..." ಅವನು ಏದುಸಿರು ಬಿಡುತ್ತಲೇ ಹೇಳಿದ.

ಗೊತ್ತು! ಅವಳಿಗೆ ಅದು ಚೆನ್ನಾಗಿಯೇ ಗೊತ್ತಿತ್ತು. ಯಾವ ಪಾಠದಲ್ಲಿ, ಯಾವ ಬಣ್ಣದ ಚೌಕದೊಳಗೆ ಆ ಎಚ್ಚರಿಕೆಯಿದೆ ಎಂದು ಕಣ್ಣುಮುಚ್ಚಿ ಹೇಳಬಲ್ಲಳು. ಆದರೆ ಕೈಗೆ ಗೊತ್ತಿರಬೇಕಲ್ಲ?

ಮುಖ ಕೆಂಪಗಾಗಿ ತಲೆ ತಗ್ಗಿಸಿ ನಿಂತಾಗ ಅವಳಿಗೆ ಥಟ್ಟನೆ ಹೊಳೆಯಿತು. ಈ ತೆಲುಗು ಊರಿನಲ್ಲಿ ಇವನು ಕೂಗಿದ್ದು ಕನ್ನಡದಲ್ಲಿ!

"ನೀವು... ಕನ್ನಡದವರಾ?"

"ಅಪ್ಪ-ಅಮ್ಮ ಬಳ್ಳಾರಿಯವರು. ನಾನು ಹುಟ್ಟಿ ಬೆಳೆದಿದ್ದೆಲ್ಲ ಇಲ್ಲೇ, ಗಾಜುವಾಕದಾಗ. ನೀವು ಫೋನ್‌ನಾಗ ನಿಮ್ಮ ಅಮ್ಮನ ಜೊತಿ ಕನ್ನಡದಾಗ ಮಾತಾಡೋದು ಕೇಳಿದ್ದೆ. ನನ್ನ ಹೆಸರು ಚಿರಂತ್," ಎಂದ ಅವನು, ಗಾಜಿನ ಚೂರುಗಳನ್ನು ಬಾಚುತ್ತ.

ಪ್ರಾಕ್ಟಿಕಲ್ ನಡೆಸುವ ಕನಕಲಕ್ಷ್ಮಿ ಮೇಡಂ ಬಂದು ಇಬ್ಬರನ್ನೂ ಚೆನ್ನಾಗಿ ಬೈದರು. ಬೈದ ಬಾಯಲ್ಲೇ, "ಇನ್ನು ಮೇಲೆ ನೀವಿಬ್ಬರೂ ಒಂದೇ ಮೇಜು," ಎಂದು ಅಪ್ಪಣೆ ಕೊಟ್ಟರು.

ಹೇಮಾಕ್ಷಿಯ ಅವಸ್ಥೆ ಎಂಥದ್ದೆಂದು ಇಲ್ಲೇ ಹೇಳಿಬಿಡಬೇಕು. ಅವಳ ತಂದೆ ದಿನಕರ ತುಮಕೂರಿನವರು, ಬ್ಯಾಂಕ್ ಅಧಿಕಾರಿ. ವರ್ಗವಾಗಿ ವಿಜಯವಾಡಕ್ಕೆ ಬಂದ ಮೇಲೆ ಮಗಳನ್ನು ಅಲ್ಲಿನ ದೊಡ್ಡ ಹೆಸರಿನ ಇಂಟರ್, ಅಂದರೆ ನಮ್ಮ ಪಿಯುಸಿ, ಕಾಲೇಜಿಗೆ ಸೇರಿಸಿದ್ದರು. ಅಲ್ಲಿ ಬೆಳಗಿನಿಂದ ರಾತ್ರಿಯವರೆಗೆ ಓದು, ಟೆಸ್ಟ್, ಮತ್ತೆ ಓದು. ಲ್ಯಾಬಿಗೆ ಮಾತ್ರ ಸದಾ ಬೀಗ. ಪ್ರಾಕ್ಟಿಕಲ್‌ಗಳೆಲ್ಲ ರೆಕಾರ್ಡ್ ಪುಸ್ತಕದಲ್ಲಿ ಅಂದವಾಗಿ ನಡೆದುಹೋಗಿದ್ದವು. ಅಂಕಗಳೇನೋ ಧಾರಾಳವಾಗಿ ಬಂದವು. ಆದರೆ ಅವಳ ಕೆಮಿಸ್ಟ್ರಿ ಬರೀ ಪುಸ್ತಕದ ಬದನೇಕಾಯಿ.

ಸೋದರತ್ತೆಯರೆಲ್ಲ ಎಂಜಿನಿಯರಿಂಗ್ ಎಂದು ಬಾಯಿ ಬಡಿದುಕೊಂಡರೂ, ಅವಳು ಹಟ ಹಿಡಿದು ಬಿಎಸ್ಸಿ ಆರಿಸಿಕೊಂಡಿದ್ದಳು. ಅಪ್ಪ ಒಪ್ಪಿದ್ದು ಒಂದೇ ಮಾತಿನ ಮೇಲೆ: "ದಸರಾ ಆದ್ಮೇಲಿನ ಇಂಟರ್ನಲ್ ಪ್ರಾಕ್ಟಿಕಲ್ ಪಾಸಾಗ್ಲಿಲ್ಲ ಅಂದ್ರೆ ಸುಮ್ನೆ ಮನೆಗೆ ಬಂದ್ಬಿಡ್ಬೇಕಮ್ಮ. ಇಲ್ಲೇ ಬಿಕಾಂ."

ಆ ಪರೀಕ್ಷೆಯ ನೆನಪಾದರೆ ಸಾಕು, ಹೇಮಾಕ್ಷಿ ಹಾಸ್ಟೆಲಿನ ಊಟವನ್ನು ಅರ್ಧಕ್ಕೇ ಬಿಟ್ಟು ಏಳುತ್ತಿದ್ದಳು.

ಚಿರಂತ್ ಇದ್ದುದರಿಂದ ದಿನಗಳು ಹೇಗೋ ಸಾಗಿದವು. ಅವನು ಬ್ಯುರೆಟ್ಟಿನ ಗಾಜಿನ ಕೊಳವೆಯ ನಲ್ಲಿ ಹಿಡಿಯುತ್ತಿದ್ದ, ಅವಳು ರೀಡಿಂಗ್ ಬರೆಯುತ್ತಿದ್ದಳು. ಅವನ ಬೆರಳು ಸ್ವಲ್ಪ ತಿರುಗಿದರೆ ಹನಿ ಹನಿಯಾಗಿ ದ್ರಾವಣ ಇಳಿದು, ಕೆಳಗಿನ ಫ್ಲಾಸ್ಕಿನಲ್ಲಿ ತಿಳಿಗುಲಾಬಿ ಬಣ್ಣ ಮೂಡುತ್ತಿತ್ತು. ಅವಳು ಬಣ್ಣ ನೋಡುವ ನೆಪದಲ್ಲಿ ಅವನ ಮುಖ ನೋಡುತ್ತಿದ್ದಳು.

'ಇವನ ಪಕ್ಕ ನಿಂತರೆ ಭಯಾನೇ ಆಗಲ್ಲವಲ್ಲ... ಯಾಕೆ?'

ಯಾಕೆಂದು ಲ್ಯಾಬಿನ ಕಂಬಕ್ಕೂ ಗೊತ್ತಿತ್ತು. ಅವಳಿಗೊಬ್ಬಳಿಗೇ ಗೊತ್ತಿರಲಿಲ್ಲ!

ದಸರಾ ರಜೆಗೆ ಮುಂಚಿನ ಪ್ರಾಕ್ಟಿಕಲ್ ದಿನ ಅವಳು ಬಂದಾಗ ಅವರಿಬ್ಬರ ಮೇಜಿನ ಬಳಿ ರೂಮ್‌ಮೇಟ್ ರಾಜ್ಯಲಕ್ಷ್ಮಿ ನಿಂತಿದ್ದಳು. ಚಿರಂತ್ ಕಿಟಕಿಯ ಪಕ್ಕದ ಮೇಜಿನಲ್ಲಿದ್ದ.

"ನೀಕು ತೆಲೀದಾ? ನಿನಗೆ ಗೊತ್ತಿಲ್ವಾ? ಪಾರ್ಟ್‌ನರ್ ಚೇಂಜ್ ಮಾಡಿ ಅಂತ ಅವನೇ ಮೇಡಂನ ಕೇಳಿಕೊಂಡನಂತೆ," ಎಂದಳು ರಾಜ್ಯಲಕ್ಷ್ಮಿ, ಅವಳಿಗಾಗಿ ಕಲಿತ ಹರಕು ಕನ್ನಡದಲ್ಲಿ.

ಅಂದು ಹೇಮಾಕ್ಷಿ ನಲ್ಲಿ ಮುಟ್ಟಲೇ ಇಲ್ಲ. ಲ್ಯಾಬ್ ಮುಗಿದದ್ದೇ ಕಾರಿಡಾರಿನಲ್ಲಿ ಅವನನ್ನು ಅಡ್ಡಗಟ್ಟಿದಳು.

"ನಾನು ನಿಮಗೆ ಭಾರ ಆದ್ನಾ?"

"ಹಂಗಲ್ಲ ಹೇಮಾಕ್ಷಿ... ನಾನು ಪಕ್ಕದಾಗ ಇದ್ರೆ ನೀವು..."

"ನಾನು ದಡ್ಡಿ. ನಿಮ್ಮ ಮಾರ್ಕ್ಸೂ ಹಾಳಾಗುತ್ತೆ. ಅಷ್ಟೇ ತಾನೆ? ನೇರವಾಗಿ ಹೇಳಿದ್ರೆ ನಾನೇ ದೂರ ಹೋಗ್ತಿದ್ದೆ!"

ಅವನು ಬಾಯಿ ತೆರೆದ. ಅವಳು ಕಾಯಲಿಲ್ಲ. ಮರುದಿನ ರೈಲಿನಲ್ಲಿ ವಿಜಯವಾಡ ತಲುಪುವವರೆಗೂ ದುಪಟ್ಟಾದ ತುದಿ ಒದ್ದೆಯಾಗಿಯೇ ಇತ್ತು. ಅವನ ಕರೆಗಳು ಬಂದವು. ಒಂದನ್ನೂ ಎತ್ತಲಿಲ್ಲ.

ವಿಜಯವಾಡದ ಒನ್ ಟೌನ್ ಬಡಾವಣೆಯ ಮನೆಯಲ್ಲಿ ದಸರಾ ಗೊಂಬೆಗಳು ಕೂತಿದ್ದವು. ಅಮ್ಮ ವಿಜಯಲಕ್ಷ್ಮೀ ಸಂಜೆಯಾದರೆ ಆರತಿ, ಮಕ್ಕಳಿಗೆ ಹಂಚುವ ಚರುಪಿನ ತಿಂಡಿಯ ಗಡಿಬಿಡಿಯಲ್ಲಿರುತ್ತಿದ್ದರು. ಹೇಮಾಕ್ಷಿ ಮೂಲೆ ಹಿಡಿದು ಕೂತಳು.

"ಅಪ್ಪಾ, ನಾನು ವಾಪಸ್ ಹೋಗಲ್ಲ. ಬಿಕಾಂಗೇ ಸೇರಿಸ್ಬಿಡಿ."

ದಿನಕರ ಪೇಪರ್ ಮಡಚಿಟ್ಟರು. "ಪರೀಕ್ಷೆ ಬರೆಯೋಕೆ ಮುಂಚೇನೇ?"

"ಆಗಲ್ಲ ಅಂತ ಗೊತ್ತಪ್ಪಾ..."

ಅವರು ಮಗಳ ಮುಖವನ್ನು ಬಹಳ ಹೊತ್ತು ನೋಡಿ, "ಸರಿ. ರಜೆಯಾದ್ರೂ ಆಫೀಸ್ ತೆಗೆದಿರುತ್ತೆ, ನಾಳೆ ಇಲ್ಲಿನ ಕಾಲೇಜಿಗೆ ಹೋಗಿ ವಿಚಾರಿಸೋಣ," ಎಂದರು. ಅಷ್ಟು ಬೇಗ ಒಪ್ಪಿದ್ದು ಅವಳಿಗೆ ಇನ್ನಷ್ಟು ಅಳು ತರಿಸಿತು.

ಆ ಸಂಜೆಯೇ ಬಾಗಿಲು ಬಡಿಯಿತು. ವಿಜಯಲಕ್ಷ್ಮೀ ತೆರೆದರೆ, ಬೆವರಿ ಬಸವಳಿದ ಚಿರಂತ್!

"ನಮಸ್ಕಾರಮಂಡಿ ಆಂಟಿ, ನಾನು ಹೇಮಾಕ್ಷಿ ಕ್ಲಾಸ್‌ಮೇಟ್... ದುರ್ಗಮ್ಮನ ದರ್ಶನಕ್ಕ ಬಂದಿದ್ದೆ. ರಾಜ್ಯಲಕ್ಷ್ಮಿ ಅಡ್ರೆಸ್ ಕೊಟ್ಟಳು, ಹಂಗೇ ನೋಡಿ ಹೋಗೋಣ ಅಂತ..."

ವಿಜಯಲಕ್ಷ್ಮೀ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ದರ್ಶನ ಆಯ್ತಾಪ್ಪ? ಹಣೇಲಿ ಕುಂಕುಮಾನೇ ಕಾಣ್ತಿಲ್ವಲ್ಲ?"

ಅವನು ಹಣೆ ಮುಟ್ಟಿಕೊಂಡ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ! ವಿಜಯಲಕ್ಷ್ಮೀ ನಗು ನುಂಗಿ ಒಳಗೆ ಕರೆದರು.

ಅವನನ್ನು ಕಂಡದ್ದೇ ಹೇಮಾಕ್ಷಿ ಅಡುಗೆಮನೆ ಸೇರಿಕೊಂಡಳು. ಅಲ್ಲಿ ಅಮ್ಮ ಆರತಿಗೆಂದು ಅರಿಶಿನದ ನೀರಿಗೆ ಸುಣ್ಣ ಬೆರೆಸಿದರು. ನೋಡನೋಡುತ್ತಲೇ ಹಳದಿ ನೀರು ಕೆಂಪು ಓಕುಳಿಯಾಯಿತು. ನೀರು ಕುಡಿಯಲು ಬಾಗಿಲಲ್ಲಿ ನಿಂತಿದ್ದ ಚಿರಂತನ ಕಣ್ಣು ಅರಳಿತು.

"ಆಂಟಿ, ಇದರಾಗ ಒಂದು ಲೋಟ ಕೊಡ್ತೀರಾ? ನಿಂಬೆಹಣ್ಣು ಇದೆಯಾ? ಔಷಧಿ ಹಾಕೋ ಡ್ರಾಪರ್?"

ಎಲ್ಲವೂ ಬಂತು. ಅವನು ಡ್ರಾಪರನ್ನು ಹೇಮಾಕ್ಷಿಯ ಮುಂದಿಟ್ಟು, ತನ್ನ ಎರಡೂ ಕೈ ಬೆನ್ನಿಗೆ ಕಟ್ಟಿಕೊಂಡು ನಿಂತ.

"ಸುಣ್ಣ ಕ್ಷಾರ, ನಿಂಬೆ ಆಸಿಡ್. ಕೆಂಪು ಹೋಗಿ ಹಳದಿ ಬರಬೇಕು. ಯಾವ ಹನಿಗೆ ತಿರುಗ್ತದೆ ಅಂತ ನೀವೇ ಹೇಳ್ಬೇಕು. ನಾನು ಮುಟ್ಟಂಗಿಲ್ಲ."

"ನನ್ನ ಕೈಲಾಗಲ್ಲ. ಗೊತ್ತಿದ್ದೂ ಯಾಕೆ ಆಡಿಸ್ತೀರಿ?"

"ಒಂದ್ಸಲ, ಪ್ಲೀಸ್."

ಅವಳು ಡ್ರಾಪರನ್ನು ಜೋರಾಗಿ ಒತ್ತಿದಳು. ರಸ ಚಿರ್ರೆಂದು ಒಮ್ಮೆಲೇ ಇಳಿಯಿತು. ಎಲ್ಲ ಹಳದಿ!

"ಯಾವ ಹನಿ?"

"ಗೊತ್ತಾಗ್ಲಿಲ್ಲ..." ಅವಳ ಕಣ್ಣು ತುಂಬಿತು. "ನೋಡಿದ್ರಲ್ಲ? ಇದಕ್ಕೇ ತಾನೆ ನೀವು ಬಿಟ್ಟು ಹೋಗಿದ್ದು?"

"ಇದಕ್ಕೇ," ಎಂದ ಅವನು ಮೆಲ್ಲಗೆ. "ಪರೀಕ್ಷೆ ದಿನ ಒಬ್ಬೊಬ್ಬರೇ ನಿಲ್ಲಬೇಕು ಹೇಮಾಕ್ಷಿ. ನಾನು ಪಕ್ಕದಾಗ ಇರೋ ತನಕ ನೀವು ನಲ್ಲಿ ಮುಟ್ಟಲಿಲ್ಲ. ನಿಮ್ಮ ಕೈ ನಡುಗೋದು ನೋಡಿ ನಾನೂ ಮುಟ್ಟೋಕ ಬಿಡಲಿಲ್ಲ. ಅದು ನನ್ನ ತಪ್ಪು. ನಿಮಗೆ ಹೇಳದೇ ಮೇಡಂಗೆ ಹೇಳಿದ್ದು ಇನ್ನೂ ದೊಡ್ಡ ತಪ್ಪು."

"ನನ್ನನ್ನೇ ಕೇಳಬಹುದಿತ್ತಲ್ಲ!"

"ನೀವು 'ಬೇಡ' ಅಂದಿದ್ರೆ ನನಗೆ ದೂರ ಹೋಗೋಕ ಆಗ್ತಿರಲಿಲ್ಲ..."

ವಿಜಯಲಕ್ಷ್ಮೀ ಆರತಿ ತಟ್ಟೆ ಹಿಡಿದು, ಏನೂ ಕೇಳದವರಂತೆ ಹಾಲ್‌ಗೆ ನಡೆದರು.

ಹೇಮಾಕ್ಷಿ ಕಣ್ಣೊರೆಸಿಕೊಂಡು, ಪಾತ್ರೆಯಲ್ಲಿ ಉಳಿದ ಓಕುಳಿಯನ್ನು ಇನ್ನೊಂದು ಲೋಟಕ್ಕೆ ಬಗ್ಗಿಸಿದಳು. ಈ ಬಾರಿ ಅವನತ್ತ ನೋಡಲಿಲ್ಲ. ಒಂದು ಹನಿ ಬಿಟ್ಟು, ಲೋಟ ಅಲ್ಲಾಡಿಸಿದಳು. ಕೆಂಪೇ. ಇನ್ನೊಂದು. ಹನಿ ಬಿದ್ದಲ್ಲಿ ಹಳದಿ ಚುಕ್ಕೆ ಮೂಡಿ ಮಾಯವಾಯಿತು. ಕೈ ನಡುಗಿತು, ನಿಲ್ಲಿಸಿದಳು. ಉಸಿರೆಳೆದುಕೊಂಡು ಮತ್ತೆ ಒತ್ತಿದಳು. ಹನಿ... ಮತ್ತೊಂದು ಹನಿ...

ಕೆಂಪು ತಿಳಿಯಾಗುತ್ತ ಬಂತು. ಡ್ರಾಪರಿನ ತುದಿಯಲ್ಲಿ ಒಂದು ಹನಿ ಜೋತುಬಿದ್ದು, ಬಿತ್ತು. ಅಲ್ಲಾಡಿಸಿದಳು. ಲೋಟವೆಲ್ಲ ಅರಿಶಿನದ ಬಣ್ಣ!

"ಇದೇ! ಇದೇ ಹನಿ!"

ಅವಳ ಕೂಗಿಗೆ ದಿನಕರ ಹಾಲ್‌ನಿಂದ ಎದ್ದು ಬಂದರು. ಲೋಟ ನೋಡಿದರು, ಮಗಳ ಮುಖ ನೋಡಿದರು, ಕೈಕಟ್ಟಿ ನಿಂತ ಹುಡುಗನನ್ನೂ ನೋಡಿದರು.

"ನಾಳೆ ಬಿಕಾಂ ವಿಚಾರಿಸೋಕೆ ಹೋಗ್ಬೇಕಲ್ವೇನಮ್ಮಾ?"

"ಬೇಡಪ್ಪಾ." ಅವಳು ಲೋಟವನ್ನು ಕೆಳಗಿಟ್ಟಳು. "ಪರೀಕ್ಷೆ ಬರೀತೀನಿ. ಭಯ ಇದೆ... ಆದ್ರೂ ಬರೀತೀನಿ."

ದಿನಕರ ತಲೆಯಾಡಿಸಿ, "ಆ ಹುಡುಗನಿಗೆ ಊಟ ಹಾಕಿ. ದರ್ಶನ ಮಾಡಿ ಸುಸ್ತಾಗಿರ್ಬೇಕು," ಎಂದು ಹೊರಟುಹೋದರು.

ಚಿರಂತ್ ನಾಚಿ ತಲೆ ತಗ್ಗಿಸಿದ. ಹೇಮಾಕ್ಷಿಗೆ ಎಷ್ಟೋ ದಿನಗಳ ಮೇಲೆ ನಗು ಬಂತು.

"ಪರೀಕ್ಷೆ ದಿನ ನೀವು ಎಲ್ಲಿ ನಿಲ್ತೀರಿ?"

"ನಿಮ್ಮಿಂದ ದೂರ. ಕಣ್ಣಿಗೂ ಬೀಳಂಗಿಲ್ಲ."

"ಪರೀಕ್ಷೆ ಮುಗಿದ ಮೇಲೆ?"

ಅವನು ಬೆನ್ನಿಗೆ ಕಟ್ಟಿದ್ದ ಕೈ ಬಿಡಿಸಿದ. "ಪಾಸಾದ್ರೂ, ಫೇಲಾದ್ರೂ... ನಿನ್ನ ಪಕ್ಕದಾಗೇ ನಿಲ್ಲಬೇಕು ಅಂತ ಆಸೆ. ನಿಲ್ಲಲಾ?"

"ನಿಲ್ಲು," ಎಂದಳು ಹೇಮಾಕ್ಷಿ. "ಆದ್ರೆ ನಲ್ಲಿ ಮಾತ್ರ ನಾನೇ ಹಿಡಿಯೋದು."