ಮಾತಾಡ್ಸಾಕ ಬಂದವಳು

ಬಸ್ಸಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟಿದ್ದಳಷ್ಟೇ, ಅರುಣಾಳ ಕಣ್ಣು ಕಿಟಕಿ ಪಕ್ಕ ಕೂತವನ ಮೇಲೆ ಬಿತ್ತು.

ಅವನೇ! ಬ್ಯಾಡಗಿಯ ವೀರೇಂದ್ರ.

ಕಿವಿಯ ಹತ್ತಿರ ಒಂದಿಷ್ಟು ಕೂದಲು ಬೆಳ್ಳಗಾಗಿತ್ತು. ಉಳಿದದ್ದೆಲ್ಲ ಹಾಗೇ ಇತ್ತು. ಅವನೂ ಇವಳನ್ನು ನೋಡಿದ. ನೋಡಿದವನು ಕೈಯಲ್ಲಿದ್ದ ಬಾಟಲಿಗೆ ಮುಚ್ಚಳ ಹಾಕುವುದನ್ನೂ ಮರೆತು ಪ್ಯಾಂಟಿನ ಮೇಲೆ ನೀರು ಚೆಲ್ಲಿಕೊಂಡ.

ಹಿಂದಿನಿಂದ ಸೋದರತ್ತೆ ಸೋಮವ್ವ ಬೆನ್ನಿಗೆ ತಿವಿದಳು. ಅವಳ ಕೈಯಲ್ಲಿ ಕಟಕ ರೊಟ್ಟಿ, ಶೇಂಗಾ ಚಟ್ನಿಯ ಗಂಟು. ಈಜಿಪ್ಟಿನಲ್ಲಿ ಏನು ತಿನ್ನಲು ಸಿಗುತ್ತದೋ ಇಲ್ಲವೋ ಎಂಬ ಚಿಂತೆ ಅವಳದು. ಅರುಣಾಳ ಎದೆ ನಗಾರಿಯಾಗಿದ್ದು ಅವಳಿಗೆಲ್ಲಿ ಗೊತ್ತಾಗಬೇಕು?

ರಾಣೆಬೆನ್ನೂರಿನಲ್ಲಿ ಬೀಜದ ಅಂಗಡಿ ಇಟ್ಟವರಿಗೆ ಇಂಥ ಪ್ರವಾಸ ಹೊಸದಲ್ಲ. ಕಂಪನಿ ಹೇಳಿದಷ್ಟು ಗೋವಿನಜೋಳದ ಬೀಜ ಮಾರಿದರೆ ಅಂಗಡಿಗೆ ಇಬ್ಬರಂತೆ ಫಾರಿನ್ ಟೂರು. ಈ ಸಲ ಅಲೆಕ್ಸಾಂಡ್ರಿಯಾ, ಭೂಮಧ್ಯ ಸಮುದ್ರದ ದಂಡೆಯ ಪುರಾತನ ಪಟ್ಟಣ. ಅಪ್ಪ ಶಂಕ್ರಪ್ಪನಿಗೆ ಮೊಣಕಾಲು ನೋವು. ಹೇಗೂ ಅಂಗಡಿ ನಡೆಸುವವಳು ಮಗಳೇ ಅಲ್ಲವೇ? ಅವಳೇ ಹೊರಟಳು.

ಬೆಂಗಳೂರಿನ ವಿಮಾನಕ್ಕೆಂದು ಹೊರಟ ಬಸ್ಸು ದಾವಣಗೆರೆ ದಾಟುವಷ್ಟರಲ್ಲಿ ಕಂಪನಿಯ ಹುಲಿಗೇಶ ಮೈಕು ಹಿಡಿದ. ಬ್ಯಾಡಗಿಯ ಹೊಸ ಡೀಲರು ನಮ್ಮ ವೀರೇಂದ್ರಣ್ಣ ಮದುಮಗ, ತಿಂಗಳ ಕೊನೆಗೆ ಲಗ್ನ, ಹುಡುಗಿ ಮೇಡ್ಲೇರಿಯ ಸುಶ್ಮಿತಾ, ಕಾರ್ಡು ಹಂಚಿ ಆಗಿದೆ ಎಂದು ಸಾರಿದ. ಎಲ್ಲರೂ ಚಪ್ಪಾಳೆ ತಟ್ಟಿದರು.

ಅರುಣಾಳೂ ತಟ್ಟಿದಳು. ತಟ್ಟದಿದ್ದರೆ ಹೇಗೆ?

'ಅಯ್ಯೋ ಶಿವನೇ... ಏಳು ವರ್ಷ ಎಲ್ಲೂ ಕಣ್ಣಿಗೆ ಬೀಳದವನನ್ನ ಈಗ್ಯಾಕ ತಂದು ಎದುರಿಗೆ ಕುಂದ್ರಿಸಿದಿ?'

ಏಳು ವರ್ಷದ ಹಿಂದೆ ವೀರೇಂದ್ರ ತಂದೆಯ ಜೊತೆ ಅವಳನ್ನು ನೋಡಲು ಬಂದಿದ್ದ. ಅವಲಕ್ಕಿ, ಚಹಾ ಮುಗಿದ ಮೇಲೆ ಇಬ್ಬರನ್ನೂ ಮಾಳಿಗೆಯ ಮೇಲೆ ಮಾತಾಡಲು ಕಳಿಸಿದ್ದರು. ಏನಾದರೂ ಕೇಳುವುದಿದೆಯೇ ಅಂತ ಅವನು ಕೇಳಿದ. ಸಂಬಳ ಕೇಳಬೇಕು, ಗುಣ ಕೇಳಬೇಕು ಅಂತ ಗೆಳತಿಯರು ಹೇಳಿಕೊಟ್ಟಿದ್ದನ್ನೆಲ್ಲ ಮರೆತ ನಮ್ಮ ಹುಡುಗಿ, ಸಮುದ್ರ ನೋಡೀರೇನ್ರಿ ಎಂದುಬಿಟ್ಟಳು.

ಅವನು ನಕ್ಕ. "ಇಲ್ರಿ. ಮದುವಿ ಆದ ಮ್ಯಾಲೆ ಕೂಡೇ ಹೋಗಿ ನೋಡೂಣು."

ಆ ಒಂದು ಮಾತು ಸಾಕಾಯಿತು. ಆಮೇಲೆ ಗೆಳತಿಯರೆಲ್ಲ ಕಾರವಾರಕ್ಕೆ ಹೋದಾಗ ಇವಳು ಜ್ವರದ ನೆಪ ಹೇಳಿ ಮನೆಯಲ್ಲೇ ಉಳಿದಳು. ಸಮುದ್ರವನ್ನು ಅವನಿಗಾಗಿ ಎತ್ತಿಟ್ಟಿದ್ದಳು, ಹುಚ್ಚಿ!

ಅರುಣಾಳ ಮನೆಯವರು ಬ್ಯಾಡಗಿಗೆ ಹೋಗಿ ಗಂಡಿನ ಮನೆ ನೋಡಿ ಬರುವುದೊಂದು ಬಾಕಿಯಿತ್ತು. ಅಷ್ಟರಲ್ಲಿ ವೀರೇಂದ್ರನ ತಂದೆ ಎದೆನೋವು ಬಂದು ತೀರಿಹೋದರು.

ನಮ್ಮ ಕಡೆ ಒಂದು ಪದ್ಧತಿ ಇದೆ. ಯಾರಾದರೂ ಸತ್ತರೆ ಬಂಧುಗಳಿರಲಿ, ಪರಿಚಯದವರಿರಲಿ, 'ಮಾತಾಡ್ಸಾಕ' ಹೋಗಬೇಕು. ಪಡಸಾಲೆಯಲ್ಲಿ ಕೂತು 'ಹೆಂಗಾತು?' ಅಂತ ಕೇಳಬೇಕು. ನೂರು ಸಲ ಹೇಳಿದ್ದನ್ನೇ ಅವರು ಮತ್ತೆ ಹೇಳುತ್ತಾರೆ, ಮೊದಲ ಸಲ ಎಂಬಂತೆ ಕೇಳಬೇಕು. ಆಮೇಲೆ ಸುಮ್ಮನೆ ಎದ್ದು ಬರಬೇಕು. ಸಾವಿನ ಮನೆಯಿಂದ 'ಹೋಗಿ ಬರ್ತೇನಿ' ಎಂದು ಯಾರೂ ಹೇಳುವುದಿಲ್ಲ.

ಶಂಕ್ರಪ್ಪ ಅಂಗಿ ತೊಟ್ಟು ಬಾಗಿಲವರೆಗೆ ಬಂದಿದ್ದ. ತಡೆದವಳು ಸೋಮವ್ವ. ಇನ್ನೂ ಬೀಗರಾಗಿಲ್ಲ, ಈಗ ಹೋದರೆ ಮೈಮೇಲೆ ಬಿದ್ದಂತಾಗುತ್ತದೆ, ಮೇಲಾಗಿ ಹುಡುಗಿಯನ್ನು ನೋಡಿಹೋದ ವಾರದಲ್ಲೇ ಯಜಮಾನ ಹೋದ, ಹುಡುಗಿಯ ಕಾಲ್ಗುಣ ಅಂತ ನಾಲ್ಕು ಜನರ ಎದುರು ಅಂದರೆ ಏನು ಮಾಡುತ್ತೀ ಅಂತ ಅಣ್ಣನನ್ನು ಹೆದರಿಸಿದಳು. ಅಂಗಿ ಮತ್ತೆ ಗೂಟಕ್ಕೆ ಹೋಯಿತು.

ಬ್ಯಾಡಗಿಯಿಂದ ಆಮೇಲೆ ಒಂದು ಮಾತೂ ಬರಲಿಲ್ಲ. ನೋಡಿದಿರಾ, ಕಾಲ್ಗುಣ ಅಂದೇಬಿಟ್ಟರು ಎಂದಳು ಸೋಮವ್ವ. ಮನೆಯಲ್ಲಿ ಆಡಿದ ಮಾತು ಹೇಗೋ ಊರಿಗೆ ಹೋಯಿತು. ಆಮೇಲೆ ಬಂದ ಗಂಡಿನ ಕಡೆಯವರೆಲ್ಲ ಚಹಾ ಕುಡಿದು, ತಿಳಿಸ್ತೇವಿ ಎಂದು ಹೋದರು. ಯಾರೂ ತಿಳಿಸಲಿಲ್ಲ. ಅರುಣಾ ಅಂಗಡಿಯ ಗಲ್ಲಾಪೆಟ್ಟಿಗೆಯ ಮುಂದೆ ಕೂತಳು, ಕೂತೇ ಉಳಿದಳು.

ಅಲೆಕ್ಸಾಂಡ್ರಿಯಾದ ದಂಡೆಯ ಉದ್ದಕ್ಕೂ ರಸ್ತೆ, ರಸ್ತೆಯ ಉದ್ದಕ್ಕೂ ಗಿಡ್ಡ ಗೋಡೆ, ಗೋಡೆಯ ಆಚೆ ಸಮುದ್ರ. ಕುದುರೆಗಾಡಿಗಳು ಟಕಟಕ ಓಡಾಡುತ್ತಿದ್ದವು. ತಳ್ಳುಗಾಡಿಯಲ್ಲಿ ಗೋವಿನಜೋಳದ ತೆನೆ ಸುಟ್ಟು ಮಾರುತ್ತಿದ್ದರು. ನಮ್ಮ ಡೀಲರುಗಳು ಸಮುದ್ರಕ್ಕೆ ಬೆನ್ನು ಮಾಡಿ ತೆನೆಯ ಸಾಲು ಎಣಿಸಿ, ಇದು ಯಾವ ಹೈಬ್ರಿಡ್ ಇದ್ದೀತು ಅಂತ ಜಗಳಕ್ಕೆ ನಿಂತರು. ತೆನೆ ಮಾರುವವನು ಕಂಗಾಲಾಗಿ ಹೋದ.

ಅರುಣಾ ಮಾತ್ರ ಗೋಡೆಯ ಹತ್ತಿರ ಹೋಗಿ ನಿಂತಳು. ಎಷ್ಟು ನೀರು! ಕಣ್ಣು ತುಂಬಿ ಬಂತು. ಪಕ್ಕದಲ್ಲಿ ಸೋಮವ್ವ, ನಮ್ಮ ತುಂಗಭದ್ರಿ ತುಂಬಿದಾಗ ಇದಕ್ಕಿಂತ ಚಂದ ಎಂದು ರೊಟ್ಟಿ ಮುರಿದಳು.

ಮರುದಿನ ಕೋಟೆ ನೋಡಲು ಕರೆದೊಯ್ದರು. ಈ ಜಾಗದಲ್ಲಿ ಹಿಂದೆ ಜಗತ್ಪ್ರಸಿದ್ಧ ದೀಪಸ್ತಂಭ ಇತ್ತಂತೆ, ದೂರದಿಂದ ಬರುವ ಹಡಗುಗಳಿಗೆ ದಾರಿ ಕಾಣಲೆಂದು ಮೇಲೆ ಬೆಂಕಿ ಉರಿಯುತ್ತಿತ್ತಂತೆ. ಭೂಕಂಪಕ್ಕೆ ಅದು ಬಿದ್ದ ಮೇಲೆ ಅಲ್ಲೇ ಈ ಕೋಟೆ ಎದ್ದಿತು. ಗೈಡು ಹೇಳಿದ್ದನ್ನು ಹುಲಿಗೇಶ ಕನ್ನಡಕ್ಕೆ ತಿರುಗಿಸುತ್ತಿದ್ದ. ಎಲ್ಲರೂ ಫೋಟೋಕ್ಕೆ ಓಡಿದರು. ಸೋಮವ್ವ ಕಾಲು ನೋವೆಂದು ನೆರಳಿನಲ್ಲಿ ಕೂತಳು.

ಕೋಟೆಯ ಕಿಂಡಿಯ ಹತ್ತಿರ ವೀರೇಂದ್ರ ಬಂದು ನಿಂತ. ಚಲೋ ಇದ್ದೀರಾ ಎಂದ. ಹೂಂ ಎಂದಳು. ಏಳು ವರ್ಷ ನುಂಗಿಕೊಂಡ ಸಿಟ್ಟು ಮಾತಾಯಿತು.

"ಈ ಸಲ ಹುಡುಗಿ ಕಾಲ್ಗುಣ ನೋಡೇ ಗಟ್ಟಿ ಮಾಡಿರಬೇಕಲ್ರಿ?"

ಅವನು ಬೆಪ್ಪಾಗಿ ನೋಡಿದ. "ಏನಂದ್ರಿ? ಯಾರ ಕಾಲ್ಗುಣ?"

ಅವಳು ಹೇಳಿದಳು. ಕೇಳುತ್ತ ಕೇಳುತ್ತ ಅವನ ಮುಖ ಸಣ್ಣದಾಯಿತು.

"ನಮ್ಮ ಮನ್ಯಾಗ ಆ ಮಾತು ಒಬ್ರ ಬಾಯಾಗೂ ಬಂದಿಲ್ಲರಿ. ಊರೆಲ್ಲಾ ಮಾತಾಡ್ಸಾಕ ಬಂತು. ಆ ಹುಡುಗಿ ಮನಿಯವರು ಬಂದಿಲ್ಲಲ್ಲೋ ಅಂತ ನಮ್ಮವ್ವ ದಿನಾ ಕೇಳತಿದ್ಲು. ಅಪ್ಪನ ಹೆಸರಿಲೆ ಹಚ್ಚಿಟ್ಟ ದೀಪಾ ದಿನಾ ಮುಗದು ತಗಿಯೂ ಮಟಾ ನಾ ಬಾಗಲದಾಗ ಕುಂತಿದ್ದೆ... ನಿಮ್ಮಪ್ಪಾರು ಬಂದಾರು ಅಂತ. ಸಾವಿನ ಮನಿ ಸಂಬಂಧ ಬ್ಯಾಡಾತು ನಿಮಗ ಅಂದ್ಕೊಂಡ್ವಿ."

ಅರುಣಾ ಕಲ್ಲಿನ ಮೇಲೆ ಕೂತುಬಿಟ್ಟಳು.

ಅಂದರೆ... ಯಾರೂ ಬೇಡ ಅಂದಿರಲಿಲ್ಲ! ಅಲ್ಲಿಂದ ಮಾತು ಬರಲಿ ಎಂದು ಇವರು, ಇಲ್ಲಿಂದ ಜನ ಬರಲಿ ಎಂದು ಅವರು. ಬ್ಯಾಡಗಿಗೂ ರಾಣೆಬೆನ್ನೂರಿಗೂ ನಡುವೆ ಬಸ್ಸಿನಲ್ಲಿ ಒಂದು ತಾಸಿನ ದಾರಿ. ಯಾರೂ ಹತ್ತಲಿಲ್ಲ.

ವೀರೇಂದ್ರ ಅವಳ ಮುಂದೆ ನಿಂತು ದನಿ ತಗ್ಗಿಸಿದ. "ನಿಮ್ಮನ್ನ ಮರತೇನಿ ಅಂದ್ರ ಸುಳ್ಳಾಕ್ಕೈತಿ. ಈಗೂ ಒಂದ ಮಾತ ಅನ್ರಿ, ಊರಿಗೆ ಹೋದ ಕೂಡಲೇ ಈ ಮದುವಿ ನಿಲ್ಲಸ್ತೇನಿ. ಮಂದಿ ಏನರ ಅಂದ್ಕೊಳ್ಳಿ."

ಅವಳ ಜೀವ ಝಲ್ಲೆಂದಿತು. ಹೂಂ ಅನ್ನು, ಅರುಣಾ! ಹೂಂ ಅಂದರೆ ಅವನು ನಿನ್ನವನು. ಆದರೆ ನಾಳೆ ಹೇಳ್ತೇನಿ ಎಂದು ಮಾತ್ರ ಅಂದಳು.

ಸೋಮವ್ವನಿಗೆ ಹೋಟೆಲಿನಲ್ಲಿ ಎಲ್ಲ ಹೇಳಿದಾಗ ಆ ಮುದುಕಿ, ನನ್ನ ಬಾಯಿಗೆ ಹುಳ ಬೀಳಲಿ ಎಂದು ಅತ್ತಳು. ಹೂಂ ಅಂದುಬಿಡು, ಮೇಡ್ಲೇರಿಯವರ ಕಾಲಿಗೆ ನಾನೇ ಹೋಗಿ ಬೀಳುತ್ತೇನೆ ಎಂದಳು. ಅಷ್ಟು ಕೇಳಿ ಅರುಣಾಳ ಮನಸ್ಸೂ ಗಟ್ಟಿಯಾಯಿತು. ಕೊನೆಯ ದಿನ ಸಂಜೆ ತಲೆ ಬಾಚಿ, ಒಳ್ಳೆಯ ಸೀರೆ ಉಟ್ಟು, ಹೂಂ ಅನ್ನಲಿಕ್ಕೆಂದೇ ದಂಡೆಗೆ ಬಂದಳು. ಇದೂ ಖರೇ, ಮುಚ್ಚಿಡುವುದೇನು?

ವೀರೇಂದ್ರ ಗೋಡೆಯ ಹತ್ತಿರ ಅವಳಿಗೆ ಬೆನ್ನು ಮಾಡಿ ನಿಂತಿದ್ದ. ಫೋನಿನಲ್ಲಿ ಒಂದು ಹುಡುಗಿಯ ಮುಖ. ಮೇಡ್ಲೇರಿಯಲ್ಲಿ ಆಗಲೇ ಕತ್ತಲಾಗಿತ್ತು. ನೆಟ್‌ವರ್ಕಿಗಾಗಿ ಮಾಳಿಗೆ ಹತ್ತಿ, ಬಲ್ಬಿನ ಕೆಳಗೆ ನಿಂತಿದ್ದಳು. ಅವನು ಏನೋ ಹೇಳಲು ಹೊರಟು ತಡವರಿಸುತ್ತಿದ್ದ. ಸುಶ್ಮಿತಾಳೇ ಮಾತಾಡುತ್ತಿದ್ದಳು.

"ಹೋದ ಸಲ ನನ್ನ ಗಟ್ಟಿ ಮಾಡಿದ್ದವರು ಕಾರ್ಡು ಹಂಚಿದ ಮ್ಯಾಲೆ ಸುಮ್ಮನಾಗಿಬಿಟ್ರು. ಯಾಕಂತ ಒಂದ ಮಾತೂ ಹೇಳಲಿಲ್ಲ. ನೀವು ಅಷ್ಟ ದೂರದಿಂದ ಫೋನ್ ಮಾಡ್ತೀರಿ, ನನಗ ಅಷ್ಟ ಸಾಕ್ರಿ." ಆಮೇಲೆ ನಾಚುತ್ತ, "ನಾ ಸಮುದ್ರನ ನೋಡಿಲ್ಲರಿ. ಒಂದೀಟು ತೋರಿಸ್ರಿ" ಎಂದಳು.

ಅರುಣಾ ನಿಂತಲ್ಲೇ ನಿಂತಳು.

ಅವನು ಫೋನನ್ನು ನೀರಿನ ಕಡೆ ತಿರುಗಿಸಿದ. ಆ ತಿರುವಿನಲ್ಲಿ ಅರುಣಾ ಅವನ ಕಣ್ಣಿಗೆ ಬಿದ್ದಳು. ಅವಸರದಿಂದ ಫೋನು ಇಟ್ಟ.

"ಹೇಳ್ರಿ ಅರುಣಾ" ಎಂದ.

"ಆಕಿಗೆ ಸಮುದ್ರ ತೋರಿಸ್ರಿ. ಫೋನಿನ್ಯಾಗ ಅಲ್ಲ. ಕರಕೊಂಡ ಹೋಗಿ."

"ಅಂದ್ರ?"

"ಸುಮ್ಮನಾಗೂದು ಅಂದ್ರ ಏನಂತ ನಮ್ಮ ಮನಿ ಗ್ವಾಡಿಗೆ ಗೊತ್ತೈತಿ. ಅದನ್ನ ಇನ್ನೊಬ್ಬಾಕಿ ಮನಿಗೆ ನಾ ಕಳಸಂಗಿಲ್ಲ."

ಅವನ ಕಣ್ಣು ತುಂಬಿತು. ಹಾಗಾದರೆ ನನ್ನ ಮೇಲೆ ಏನೂ ಇಲ್ಲವೇ ಎಂದು ಕೇಳಿದ. ಸಣ್ಣ ಹುಡುಗನಂತೆ ಕೇಳಿದ.

"ಐತಿ" ಎಂದಳು ಅರುಣಾ. "ಮಾಳಿಗಿ ಮ್ಯಾಲಿಂದ ಇಳಿದು ಬಂದಾಗಿಂದ ಐತಿ. ಇನ್ನ ಮುಂದೂ ಇರತೈತಿ. ಅದಕ್ಕ ನೀವೇನೂ ಮಾಡಬ್ಯಾಡ್ರಿ."

ಹೇಳಿ ಮುಗಿಸಿದ ಮೇಲೆ ಅಳು ಒತ್ತರಿಸಿ ಬಂತು. ತಡೆದುಕೊಂಡಳು. ಇಲ್ಲಿಂದ ಹಾಗೇ ಹೋಗಿಬಿಟ್ಟರೆ, ಊರಿಗೆ ಹೋದ ಮೇಲೆ ಅವನ ಮನೆಯ ಹೊಸ್ತಿಲು ತುಳಿಯುವ ಕಾರಣವೇ ಅವಳಿಗಿಲ್ಲ. ಮಾಡಬೇಕಾದ ಒಂದು ಕೆಲಸ ಏಳು ವರ್ಷದಿಂದ ಉಳಿದಿತ್ತು. ಅದನ್ನಾದರೂ ಮಾಡಬೇಕು.

ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. ಗೋಡೆಯ ಪಕ್ಕದ ಕಟ್ಟೆಯ ಮೇಲೆ, ಪಡಸಾಲೆಯಲ್ಲಿ ಕೂರುವ ಹಾಗೆ, ಅವನ ಎದುರು ಕೂತಳು.

"ಅಪ್ಪಾರಿಗೆ... ಹೆಂಗಾತ್ರಿ?"

ವೀರೇಂದ್ರನಿಗೆ ಒಂದು ಕ್ಷಣ ತಿಳಿಯಲಿಲ್ಲ. ತಿಳಿದಾಗ ಎರಡೂ ಕೈಯಿಂದ ಮುಖ ಮುಚ್ಚಿಕೊಂಡ.

ಆಮೇಲೆ ಹೇಳಿದ. ಅಪ್ಪ ಮೆಣಸಿನಕಾಯಿ ಮಾರ್ಕೆಟಿನಿಂದ ಬಂದು ಅಂಗಿಯನ್ನೂ ತೆಗೆಯದೆ ಕುರ್ಚಿಯಲ್ಲಿ ಕೂತದ್ದು, ನೀರು ಕೇಳಿದ್ದು, ರಾಣೆಬೆನ್ನೂರಿನವರು ಯಾವಾಗ ಬರುತ್ತಾರೆ, ಮನೆಗೆ ಸುಣ್ಣ ಹೊಡೆಸಬೇಕು ಅಂದದ್ದು. ನೀರು ತರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅರುಣಾ ನಡುವೆ ಬಾಯಿ ಹಾಕದೆ ಕೇಳಿದಳು. ತೆನೆ ಸುಡುವ ಹೊಗೆ ಕಣ್ಣಿಗೆ ಬರುತ್ತಿತ್ತು.

"ಭಾಳ ಒಳ್ಳೆಯವರಿದ್ರು" ಎಂದಳು. "ನಮ್ಮ ಮನ್ಯಾಗ ಎರಡನೇ ಸಲ ಚಾ ಕೇಳಿ ಕುಡದಿದ್ರು. ನಾ ಮಾಡಿದ್ದು."

ಆಚೆ ಬಸ್ಸಿನ ಹಾರನ್ನು ಆಯಿತು. ಹುಲಿಗೇಶ ಕೈ ಬೀಸಿ ಕರೆಯುತ್ತಿದ್ದ. ಸೋಮವ್ವ ಬಸ್ಸಿನ ಬಾಗಿಲಲ್ಲಿ ನಿಂತು ಇತ್ತಲೇ ನೋಡುತ್ತಿದ್ದಳು.

ಅರುಣಾ ಎದ್ದಳು. ಏನೂ ಹೇಳದೆ ಹೊರಟಳು.

"ಅರುಣಾ..." ಹಿಂದಿನಿಂದ ಅವನ ದನಿ ಬಂತು. "ಬರ್ತೇನಿ ಅಂತರ ಅನ್ರಿ."

ಅವಳು ನಿಂತಳು. ತಿರುಗಲಿಲ್ಲ.

"ಮಾತಾಡ್ಸಾಕ ಬಂದವರು ಹಂಗ ಅನ್ನಬಾರದ್ರಿ."

"ಹೌದ್ರಿ" ಎಂದ ವೀರೇಂದ್ರ ಮೆಲ್ಲಗೆ. "ಅನ್ನಬಾರದು."

ಸೆರಗು ತಲೆಯ ಮೇಲೆ ಹಾಗೇ ಇತ್ತು. ಅವಳು ಬಸ್ಸಿನ ಕಡೆ ನಡೆದಳು.