‘ರಹಿತ’ದ ಮೇಲೆ ಸೂರ್ಯಕಾಂತಿ

“ಲಾ... ಭ... ರ... ಹಿ... ತ!”

ಹನಮಂತ ಬೆಂಚಿನ ಮೇಲೆ ಹತ್ತಿ ನಿಂತು ಕೂಗಿದ. ಬಿಸಿಯೂಟದ ತಾಟು ತೊಳೆದುಕೊಂಡು ಆಗಷ್ಟೇ ಬಂದ ವಿಜಿ ಬಾಗಿಲಲ್ಲೇ ನಿಂತಳು.

“ಏ ವಿಜಿ, ನಿಮ್ಮವ್ವನ ಸಂಜಿಮನಿಗೆ ಹೊಸಾ ಬೋರ್ಡ್ ಹಾಕ್ಯಾರಲ್ಲ, ಅದರಾಗ ಏನ್ ಬರದೈತಿ ಹೇಳ ನೋಡೂಣು?”

“ಸಂಜೆಮನೆ, ಮಕ್ಕಳ ಲಾಭರಹಿತ ಸಂಸ್ಥೆ, ಕೊಣ್ಣೂರ,” ಎಂದಳು ವಿಜಿ.

“ರಹಿತ ಅಂದ್ರ ಏನು? ನಿನ್ನೇನ ಸರ್ ಹೇಳ್ಯಾರ. ಇಲ್ಲದ್ದು! ಲಾಭರಹಿತ ಅಂದ್ರ ಏನೂ ಲಾಭ ಇಲ್ಲದ್ದು! ತಾವ ಬೋರ್ಡ್ ಬರಿಸಿ ಹೇಳ್ಕೊಂಡಾರ್ರೋ!”

ತರಗತಿಯೆಲ್ಲ ಗೊಳ್ಳೆಂದು ನಕ್ಕಿತು. ವಿಜಿಯ ಪಕ್ಕದಲ್ಲಿ ಕೂರುವ ಹೀನಾ ಕೂಡ ನಕ್ಕಳು. ಆಮೇಲೆ ಬಾಯಿ ಮುಚ್ಚಿಕೊಂಡಳು ನಿಜ, ಆದರೆ ಮೊದಲು ನಕ್ಕಳಲ್ಲ! ಹೀನಾ ದಿನಾ ಸಂಜೆಮನೆಗೆ ಬರುವವಳು. ಹನಮಂತನ ಮಾತಿಗಿಂತ ಅವಳ ನಗುವೇ ವಿಜಿಗೆ ಹೆಚ್ಚು ಚುಚ್ಚಿತು.

ಊರಿನ ಎಷ್ಟೋ ತಾಯಂದಿರು ಕಬ್ಬಿನ ಹೊಲಕ್ಕೆ, ಬೆಲ್ಲದ ಗಾಣಕ್ಕೆ ಕೆಲಸಕ್ಕೆ ಹೋಗಿ ಕತ್ತಲಾದ ಮೇಲೆ ಬರುತ್ತಾರೆ. ಅಲ್ಲಿಯವರೆಗೆ ಮಕ್ಕಳು ಎಲ್ಲಿರಬೇಕು? ಅದಕ್ಕೇ ವಿಜಿಯ ಅವ್ವ ಶೈಲಾ, ಲಗಮಣ್ಣ ಕಾಕಾನ ಒಂದು ಕೋಣೆ ಬಾಡಿಗೆಗೆ ಹಿಡಿದು ಸಂಜೆಮನೆ ಶುರು ಮಾಡಿದ್ದಳು. ಅಲ್ಲಿ ಚಾಪೆ ಇತ್ತು, ಪುಸ್ತಕಗಳಿದ್ದವು, ಒಂದು ಹಳೇ ಕೇರಂ ಬೋರ್ಡೂ ಇತ್ತು. ಹಸಿವಾದರೆ ಚುರುಮುರಿ ಸಿಗುತ್ತಿತ್ತು.

ಅಲ್ಲಿ ಎಲ್ಲರಂತೆ ವಿಜಿಯೂ ಅವ್ವನನ್ನು ‘ಅಕ್ಕೋರ’ ಎಂದೇ ಕರೆಯಬೇಕಿತ್ತು. “ನೀ ಒಬ್ಬಾಕಿ ಅವ್ವಾ ಅಂದ್ರ ಉಳಿದ ಹುಡುಗೂರ ಮಾರಿ ಸಣ್ಣದಾಗತೈತವಾ. ಅವರ ಅವ್ವಗೋಳು ಇಲ್ಲಿ ಇರಂಗಿಲ್ಲಲ್ಲ,” ಎಂದು ಅವ್ವನೇ ಹೇಳಿದ್ದಳು.

ಮಾತೇನೋ ಸರಿ. ಆದರೆ ಮನೆಗೆ ಬಂದ ಮೇಲಾದರೂ ಅವ್ವ ಸಿಗಬೇಕಲ್ಲ? ಈಚೆಗೆ ಅದೂ ಇಲ್ಲವಾಗಿತ್ತು. ಅಪ್ಪ ಲಾರಿ ಓಡಿಸುತ್ತಾ ಪುಣೆಯ ಕಡೆಗೇ ಇರುತ್ತಿದ್ದ. ಅವ್ವ ಅರ್ಜಿಯಲ್ಲಿ ಮುಳುಗಿದ್ದಳು.

ಹುಕ್ಕೇರಿಯ ನೆರೆಹೊರೆ ಪ್ರತಿಷ್ಠಾನದವರು ಸುತ್ತಲಿನ ಊರುಗಳ ಸಣ್ಣ ಸಂಸ್ಥೆಗಳಿಗೆ ವರ್ಷಕ್ಕೊಮ್ಮೆ ನೆರವು ಕೊಡುತ್ತಾರೆ. ಆ ನೆರವು ಸಿಗದಿದ್ದರೆ ಸಂಜೆಮನೆಗೆ ಬೀಗ ಬೀಳುವುದು ಗ್ಯಾರಂಟಿ. ಲಗಮಣ್ಣ ಕಾಕಾ ಆಗಲೇ ಕೋಣೆಯನ್ನು ಕಣ್ಣಲ್ಲೇ ಅಳೆಯುತ್ತಿದ್ದ. “ಇಲ್ಲಿ ಗೊಬ್ಬರದ ಚೀಲಾ ಇಟ್ರ ಬಾಡಿಗಿ ಟೈಮ್‌ಕ ಬರ್ತೈತಿ. ಮಂದಿ ಮಕ್ಕಳನ್ನ ಕಾಯ್ಕೊಂತ ಕುಂತ್ರ ಏನ್ ಲಾಭ ಶೈಲವ್ವಾ?” ಎನ್ನುತ್ತಿದ್ದ.

ಅರ್ಜಿಯಲ್ಲಿ ಪ್ರಶ್ನೆಗಳೋ ಪ್ರಶ್ನೆಗಳು. ಒಮ್ಮೆ ಅವ್ವ ರೊಟ್ಟಿ ಬಡಿಯುತ್ತಲೇ ಒಂದನ್ನು ಗಟ್ಟಿಯಾಗಿ ಹೇಳಿದ್ದಳು. “ನಿಮ್ಮ ಸಂಸ್ಥೆ ನಾಳೆ ಮುಚ್ಚಿದರೆ ಏನಾಗುತ್ತದೆ? ಇದಕ್ಕ ಏನ್ ಬರೀಲಿ ವಿಜಿ?”

‘ನನಗೆ ಅವ್ವ ಸಿಗುತ್ತಾಳೆ.’ ಇದು ವಿಜಿಯ ಮನಸ್ಸಿಗೆ ಬಂದ ಉತ್ತರ. ಅದನ್ನು ಹೇಳಲಾದೀತೇ? ರೊಟ್ಟಿ ಮುರಿದುಕೊಂಡು ತಿಂದಳು. ಸಂಜೆಮನೆ ಮುಚ್ಚಲಿ ಎಂದು ಅವಳಿಗೆ ಎಷ್ಟೋ ಸಲ ಅನಿಸಿತ್ತು. ಆದರೆ ಅವ್ವನ ಕೆಲಸದಿಂದ ಏನೂ ಲಾಭವಿಲ್ಲ ಎಂದು ಬೇರೆ ಯಾರೋ ಅಂದರೆ ಮಾತ್ರ ಮೈ ಉರಿಯುತ್ತಿತ್ತು.

ಶನಿವಾರ ಪ್ರತಿಷ್ಠಾನದ ಶಿವಾನಂದ ಸರ್ ಸಂಜೆಮನೆ ನೋಡಲು ಬರುವವರಿದ್ದರು. ಅವ್ವ ಒಳಗೆ ಕಸ ಹೊಡೆಯುತ್ತಿದ್ದಾಗ ವಿಜಿ ಸ್ಟೂಲ್ ತಂದು ಬೋರ್ಡಿನ ಕೆಳಗೆ ಇಟ್ಟಳು. ಬಿಳಿ ಹಾಳೆಯ ಮೇಲೆ ದೊಡ್ಡ ಸೂರ್ಯಕಾಂತಿ ಹೂವು ಬರೆದು ಬಣ್ಣ ತುಂಬಿದ್ದಳು. ಅದರ ಹಿಂದೆಲ್ಲ ಅಂಟು ಬಳಿದು, ಸರಿಯಾಗಿ ‘ರಹಿತ’ದ ಮೇಲೆ ಹಚ್ಚಿ ಅಂಗೈಯಿಂದ ಒತ್ತಿದಳು.

ಈಗ ಬೋರ್ಡು ನೋಡಲು ಚೆನ್ನಾಗಿತ್ತು. ಮಕ್ಕಳ ಲಾಭ, ಒಂದು ಹೂವು, ಆಮೇಲೆ ಸಂಸ್ಥೆ! ಇನ್ನು ಹನಮಂತ ಏನು ಓದುತ್ತಾನೋ ಓದಲಿ.

ಶಿವಾನಂದ ಸರ್ ಬೈಕ್ ನಿಲ್ಲಿಸಿದವರೇ ಮೊದಲು ಬೋರ್ಡಿನ ಕಡೆ ನೋಡಿದರು. ಅವರ ಹುಬ್ಬು ಮೇಲೇರಿತು.

“ಏನ್ರಿ ಅಕ್ಕೋರ, ಅರ್ಜಿಯೊಳಗ ಲಾಭರಹಿತ ಸಂಸ್ಥೆ ಅಂತ ಬರದೀರಿ. ಇಲ್ಲಿ ನೋಡಿದ್ರ ಲಾಭದ ಸಂಸ್ಥೆ ಐತಿ! ಲಾಭಕ್ಕ ನಡಸೋರಿಗೆ ನಾವು ಕೊಡಂಗಿಲ್ರಿ.”

ಹೊರಗೆ ಬಂದ ಅವ್ವ ತಲೆ ಎತ್ತಿ ನೋಡಿದಳು. ಅವಳ ಮುಖ ಸಪ್ಪಗಾಯಿತು. “ಇಲ್ರಿ ಸರ್, ನಾ... ಯಾರ್ ಹಚ್ಚಿದ್ರೋ ಇದನ್ನ?”

ಆ ಹೂವು ಯಾರದೆಂದು ಎಲ್ಲ ಮಕ್ಕಳಿಗೂ ಗೊತ್ತು. ಆದರೂ ಯಾರೂ ಬಾಯಿ ಬಿಡಲಿಲ್ಲ. ವಿಜಿ ಲೆಕ್ಕ ಹಾಕಿದಳು. ಈಗ ಸುಮ್ಮನಿದ್ದರೆ ಸಾಕು, ನೆರವು ಸಿಗುವುದಿಲ್ಲ. ಸಂಜೆಮನೆ ಮುಚ್ಚುತ್ತದೆ. ಅವ್ವ ಸಿಗುತ್ತಾಳೆ.

ಅವಳು ಅವ್ವನ ಮುಖ ನೋಡಿದಳು.

“ನಾನ್ರಿ ಸರ್. ನಾನ ಹಚ್ಚಿದ್ನಿ.”

“ಯಾಕವಾ?”

“ಲಾಭ ಇಲ್ಲ ಅನ್ನೂದು ಸುಳ್ಳ್ರಿ. ಲಾಭ ಐತ್ರಿ! ಹೀನಾಗ ಮೊದಲ ಮಗ್ಗಿ ಬರ್ತಿದ್ದಿಲ್ರಿ, ಈಗ ಬರ್ತಾವ. ಇವ ಸೊಹೇಲ, ಮೊದಲ ಅವರ ಅಮ್ಮೀ ಸಂಗಾಟ ಗಾಣಕ್ಕ ಹೋಗ್ತಿದ್ದ. ಕುದಿಯೋ ಬೆಲ್ಲ ಸಿಡದು ಕೈ ಸುಟ್ಟಿತ್ರಿ. ಈಗ ಇಲ್ಲೇ ಇರ್ತಾನ್ರಿ.”

ಐದು ವರ್ಷದ ಸೊಹೇಲ ದೊಡ್ಡ ಮನುಷ್ಯನ ಹಾಗೆ ಮುಂದೆ ಬಂದು ಅಂಗಿಯ ತೋಳು ಏರಿಸಿ ಸುಟ್ಟ ಕಲೆ ತೋರಿಸಿದ. ಹೀನಾ ತಲೆ ತಗ್ಗಿಸಿದಳು. ನಂತರ ಎರಡರ ಮಗ್ಗಿ ತನ್ನಷ್ಟಕ್ಕೆ ತಾನೇ ಗುಣುಗುಣು ಹೇಳತೊಡಗಿದಳು.

ಶಿವಾನಂದ ಸರ್‌ಗೆ ನಗು ಬಂತು. “ಲಾಭರಹಿತ ಅಂದ್ರ ಉಪಯೋಗ ಇಲ್ಲ ಅಂತಲ್ಲವಾ. ನಿಮ್ಮ ಅಕ್ಕೋರ ಇದರಾಗಿಂದ ತಮಗಂತ ಏನೂ ಇಟ್ಕೊಳ್ಳಂಗಿಲ್ಲ ಅಂತ ಅರ್ಥ. ಅದು ಬೈಗುಳಲ್ಲ, ಮಾನದ ಮಾತು.” ಆಮೇಲೆ ಮೊಣಕಾಲೂರಿ ಕುಳಿತು ಕೇಳಿದರು, “ಎಲ್ಲಾರ ಲಾಭ ಹೇಳಿದಿ. ನಿನಗೇನು ಲಾಭ?”

ವಿಜಿ ಉತ್ತರ ಹುಡುಕಿದಳು. ಮಗ್ಗಿ ಅವಳಿಗೆ ಮೊದಲೇ ಬರುತ್ತಿತ್ತು. ಗಾಣಕ್ಕೆ ಅವಳೆಂದೂ ಹೋದವಳಲ್ಲ. ಅವ್ವ ತನಗಂತ ಏನೂ ಇಟ್ಟುಕೊಂಡಿರಲಿಲ್ಲ. ವಿಜಿಗಂತಲೂ ಏನೂ ಉಳಿಸಿರಲಿಲ್ಲ. ಅವಳು ಕಾಲಿನ ಹೆಬ್ಬೆರಳಿಂದ ನೆಲ ಕೆರೆಯುತ್ತಾ ನಿಂತುಬಿಟ್ಟಳು.

ಸರ್ ಎದ್ದು ಕೋಣೆ ನೋಡಲು ಒಳಗೆ ಹೋದರು. ಅವ್ವ ಮಾತ್ರ ಅವಳನ್ನೇ ನೋಡುತ್ತಿದ್ದಳು.

ಆ ಸಂಜೆ ಅವ್ವ ಬೈಯಲಿಲ್ಲ. ಒದ್ದೆ ಬಟ್ಟೆಯಿಂದ ಹಾಳೆಯನ್ನು ಹರಿಯದಂತೆ ಮೆಲ್ಲಗೆ ಬಿಡಿಸಿದಳು. “ಹೂವ ಚಂದ ಐತಿ. ಬಾಜೂಕ ಹಚ್ಚೂಣು,” ಎಂದಳು. ‘ರಹಿತ’ ಮತ್ತೆ ಕಾಣಿಸಿತು. ಸೂರ್ಯಕಾಂತಿ ಬೋರ್ಡಿನ ಮೂಲೆಗೆ ಹೋಯಿತು.

ಮುಂದಿನ ವಾರ ಹುಕ್ಕೇರಿಯಿಂದ ಫೋನ್ ಬಂತು. ನೆರವು ಸಿಕ್ಕಿತ್ತು! ಮಕ್ಕಳೆಲ್ಲ ಚಾಪೆಯ ಮೇಲೆ ಕುಣಿದರು. ಹೀನಾ ಓಡಿಬಂದು ವಿಜಿಯನ್ನು ತಬ್ಬಿಕೊಂಡಳು. ವಿಜಿಯೂ ಕುಣಿದಳು, ಆದರೆ ಸ್ವಲ್ಪ ಹೊತ್ತು ಮಾತ್ರ. ಸಂಜೆಮನೆ ಇನ್ನು ಮುಚ್ಚುವುದಿಲ್ಲ. ಅವ್ವ ಇನ್ನೂ ಒಂದು ವರ್ಷ ಅಕ್ಕೋರೇ.

ಕತ್ತಲಾಯಿತು. ಒಬ್ಬೊಬ್ಬರೇ ತಾಯಂದಿರು ಬಂದು ಮಕ್ಕಳನ್ನು ಕರೆದುಕೊಂಡು ಹೋದರು. ಈ ಹೊತ್ತಿಗೆ ವಿಜಿ ದಿನಾ ಬೀಗದ ಕೈ ತೆಗೆದುಕೊಂಡು ಒಬ್ಬಳೇ ಮನೆಗೆ ಹೋಗುತ್ತಿದ್ದಳು. ಇವತ್ತೂ ಚಪ್ಪಲಿ ಮೆಟ್ಟಿದಳು. ನೋಡಿದರೆ ಕಟ್ಟೆಯ ಮೇಲೆ ಸೊಹೇಲ ಒಬ್ಬನೇ ಕುಳಿತು ದಾರಿ ನೋಡುತ್ತಿದ್ದ. ಅವನ ತಾಯಿ ಸುಗರಾಬಿ ಯಾವಾಗಲೂ ಎಲ್ಲರಿಗಿಂತ ಕೊನೆಗೆ ಬರುತ್ತಿದ್ದಳು.

ಕತ್ತಲಲ್ಲಿ ಒಂದು ಸೈಕಲ್ ಹೋಯಿತು. ಸೊಹೇಲ ಎದ್ದು ನಿಂತ. ಮತ್ತೆ ಕುಳಿತ.

ತಾನೂ ಮನೆಯಲ್ಲಿ ಹೀಗೆಯೇ ಎದ್ದು ಬಾಗಿಲಿಗೆ ಹೋಗುವುದು ವಿಜಿಗೆ ನೆನಪಾಯಿತು. ಹೊರಗೆ ಏನೇ ಸಪ್ಪಳವಾದರೂ ಅವ್ವನೇ ಬಂದಳೆನಿಸುತ್ತಿತ್ತು. ಅವಳು ಚಪ್ಪಲಿ ಬಿಟ್ಟು ಸೊಹೇಲನ ಪಕ್ಕ ಕುಳಿತಳು.

“ನಮ್ಮ ಅಮ್ಮೀ ಬರ್ತಾಳಲ್ಲಕ್ಕಾ?”

“ಬರ್ತಾಳ. ಬೆಲ್ಲದ ಕೊಪ್ಪರಿಗಿ ಒಲಿಯಿಂದ ಇಳಸೂ ತನಕ ಗಾಣದವರು ಬಿಡಂಗಿಲ್ಲಂತ. ಬಂದ ಬರ್ತಾಳ.”

“ನಿನ್ನ ಕರಿಯಾಕ ಯಾರ ಬರ್ತಾರ?”

ವಿಜಿ ತಿರುಗಿ ನೋಡಿದಳು. ಒಳಗೆ ಅವ್ವ ಚಾಪೆ ಸುತ್ತುತ್ತಿದ್ದಳು.

“ಅವ್ವಾ!”

ಅವಳೇ ಗಾಬರಿಯಾದಳು. ಸಂಜೆಮನೆಯಲ್ಲಿ ಆ ಮಾತು ಬಾಯಿಂದ ಬಂದು ಎಷ್ಟು ದಿನವಾಗಿತ್ತೋ!

ಚಾಪೆ ಕೈಬಿಟ್ಟು ಅವ್ವ ಬಾಗಿಲಿಗೆ ಓಡಿ ಬಂದಳು. “ಏನವಾ? ಏನಾತು?”

“ಏನಿಲ್ಲ. ಸುಮ್ನ ಕರದ್ನಿ.”

ಅವ್ವ ಒಂದು ಕ್ಷಣ ಅವಳನ್ನೇ ನೋಡಿದಳು. ಆಮೇಲೆ ಚಾಪೆಯನ್ನು ಅಲ್ಲೇ ಬಿಟ್ಟು, ಹೊರಗೆ ಬಂದು ಕಟ್ಟೆಯ ಮೇಲೆ ವಿಜಿಗೆ ಒತ್ತಿ ಕುಳಿತಳು. ಸೊಹೇಲ ವಿಜಿಯ ತೊಡೆಗೆ ತಲೆ ಆನಿಸಿದ. ಮೂವರೂ ಸುಗರಾಬಿ ಬರುವ ದಾರಿ ನೋಡುತ್ತಾ ಕುಳಿತರು.