ಫಿಲ್ಮಿನ ಬಲಮೂಲೆ

ಶ್ರಾವಣ ಮುಗಿಯಲು ನಾಲ್ಕು ದಿನ ಉಳಿದಿದ್ದವು. ಹೊತ್ತು ಮಧ್ಯಾಹ್ನ ಮೂರು ಆಗಿರಬೇಕು. ಮಳೆ ಆಗಷ್ಟೇ ನಿಂತು ಬೀದರಿನ ಕೆಂಪು ನೆಲದಿಂದ ಹಬೆ ಏಳುತ್ತಿತ್ತು. ಚೌಬಾರಾ ಗೋಪುರದ ಹಿಂದಿನ ಓಣಿಯಲ್ಲಿ ಕುತುಬೋದ್ದೀನ ಉಸ್ತಾದರ ಛಾಪಖಾನೆಯ ಹೊಸ್ತಿಲು ದಾಟಿ ಶಿವಕಾಂತಾ ಒಳಗೆ ಬಂದದ್ದು ಆ ಹೊತ್ತಿನಲ್ಲಿ.

ಯಾರೂ ಕಾಣಲಿಲ್ಲ. ಮೂಲೆಗೆ ಒಂದು ಕರಿ ಪರದೆ ಇಳಿಬಿಟ್ಟಿತ್ತು. ಅದರ ಹಿಂದೆ ಯಾರೋ ಗುನುಗುವ ಸದ್ದು. ಆಕೆ ಪರದೆ ಸರಿಸಿದಳು.

"ಏ! ಬಿಡ್ರಿ! ಪರದೆ ಬಿಡ್ರಿ ಅಂದೆ!"

ಆಕೆ ಗಾಬರಿಯಾಗಿ ಕೈ ಬಿಟ್ಟಳು. ಆದರೆ ಬೆಳಕು ಒಳಗೆ ಹೊಕ್ಕಾಗಿತ್ತು. ಎತ್ತರದ ಒಬ್ಬ ಗಂಡಸು ಕೈಯಲ್ಲಿ ರೇಷ್ಮೆ ಬಿಗಿದ ಚೌಕಟ್ಟು ಹಿಡಿದು ಹೊರಗೆ ಬಂದ. ರೇಷ್ಮೆಯ ಮೇಲೆ ಹಳದಿ ಸರೇಸಿನ ಅಂಟು ಹಚ್ಚಿತ್ತು.

"ಮುಂಜಾನಿಯಿಂದ ಹಚ್ಚಿ ಒಣಗಿಸಿದ್ದೆ. ಒಂದು ಗಳಿಗ್ಯಾಗ ಕೆಡಿಸಿದ್ರಲ್ಲ ಬಾಯಿ! ಇದಕ್ಕ ಬೆಳಕು ತಾಕಿದ್ರ ಕಲ್ಲಾಗ್ತದ."

"ನನಗೇನು ಗೊತ್ತರಿ? ಬಾಗಿಲಿಗೆ ಬರದು ಹಚ್ಚಬೇಕಿಲ್ಲ?"

"ಹಚ್ಚೀನಲ್ಲ. ಓದ್ಲಿಕ್ಕೆ ಬರಂಗಿಲ್ಲೇನು?"

ಆಕೆ ತಿರುಗಿ ನೋಡಿದಳು. ಪರದೆಯ ಮೇಲೊಂದು ಚೀಟಿ... ಉರ್ದುವಿನಲ್ಲಿ!

"ನನಗ ಕನ್ನಡ ಬರ್ತದ," ಅಂದಳು ಬಿಗುಮಾನದಿಂದ.

"ನನಗ ಉರ್ದು ಬರ್ತದ, ಮರಾಠಿ ಬರ್ತದ. ಕನ್ನಡ ಮಾತಾಡ್ತೇನಿ, ಓದ್ಲಿಕ್ಕೆ ಬರಂಗಿಲ್ಲ. ಅಂದ್ರ ಕನ್ನಡ ಬರೀಲಿಕ್ಕೆ ಉಸ್ತಾದ ಕರಿಸಿದ್ದು ನಿಮ್ಮನ್ನ?"

ಅವನ ಸಿಟ್ಟು ಅಷ್ಟರಲ್ಲೇ ಇಳಿದು ಕಣ್ಣಂಚಿಗೆ ನಗು ಬಂದಿತ್ತು. 'ಎಂಥಾ ಮನಿಷ್ಯಾ ಇವ! ಬೈದು ಮುಗಿಸೋದ್ರೊಳಗ ನಗ್ತಾನ...' ಅಂದುಕೊಂಡಳು ಶಿವಕಾಂತಾ. ಯಾಕೋ ಆಕೆಗೂ ನಗು ಬಂತು.

ಅವನ ಹೆಸರು ಮಚ್ಛೇಂದ್ರ. ಔರಾದದವ. ತಂದೆ ತಾಯಿ ಇಲ್ಲ, ಕೇಶರಬಾಯಿ ಕಾಕಿ ಸಾಕಿ ಬೆಳೆಸಿದ್ದು. ಶಿವಕಾಂತಾ ಭಾಲ್ಕಿಯವಳು. ಆಕೆಯ ತಂದೆ ಮಡೆಪ್ಪ ಮಾಸ್ತರರು ನಿಜಾಮನ ಕಾಲದಲ್ಲೂ ಮಕ್ಕಳಿಗೆ ಮುಚ್ಚುಮರೆಯಲ್ಲಿ ಕನ್ನಡ ತಿದ್ದಿಸಿದವರು. ಅವರು ತೀರಿದ ಮೇಲೆ ಮಗಳ ಕೈಯಲ್ಲಿ ಉಳಿದದ್ದು ಮುತ್ತಿನಂಥ ಅಕ್ಷರವೊಂದೇ. ತಾಯಿ ಅನುಸೂಯಾಬಾಯಿಯನ್ನು ಭಾಲ್ಕಿಯಲ್ಲಿ ಬಿಟ್ಟು, ಮೈಲೂರದ ಚಿಕ್ಕಮ್ಮ ಗಿರಿಜಾಬಾಯಿಯ ಮನೆಯಲ್ಲಿ ಇದ್ದುಕೊಂಡು ಆಕೆ ಈ ಕೆಲಸಕ್ಕೆ ಬಂದಿದ್ದಳು.

ಆ ವರ್ಷ ನವೆಂಬರ ಒಂದಕ್ಕೆ ಬೀದರ ಮೈಸೂರ ರಾಜ್ಯಕ್ಕೆ ಸೇರುವುದಿತ್ತು. ಕಚೇರಿ, ಅಂಗಡಿ, ಎಲ್ಲ ಕಡೆ ಕನ್ನಡದ ಫಲಕ ಬೇಕು. ಊರಿನ ಛಾಪಖಾನೆಗಳಲ್ಲಿ ಕನ್ನಡ ಬಲ್ಲವರು ಬೆರಳೆಣಿಕೆಗೂ ಸಾಲದಷ್ಟು.

ಉಸ್ತಾದರು ಹೈದರಾಬಾದಿನಿಂದ ಹಳೆಯ ಎಕ್ಸರೇ ಫಿಲ್ಮು ತರಿಸುತ್ತಿದ್ದರು. ಯಾರದೋ ಪಕ್ಕೆಲುಬು, ಯಾರದೋ ಮೊಣಕಾಲು. ಬಿಸಿನೀರಿಗೆ ಸೋಡಾ ಹಾಕಿ ಉಜ್ಜಿದರೆ ಆ ಎಲುಬೆಲ್ಲ ಕರಗಿ, ತಿಳಿನೀಲಿ ಗಾಜಿನಂಥ ಹಾಳೆ ಉಳಿಯುತ್ತಿತ್ತು. ಅದರ ಮೇಲೆ ಶಿವಕಾಂತಾ ದಪ್ಪ ಕರಿ ಶಾಯಿಯಿಂದ ಅಕ್ಷರ ಬರೆಯುವಳು. ಮಚ್ಛೇಂದ್ರ ಅದನ್ನು ಸರೇಸಿನ ರೇಷ್ಮೆಗೆ ಒತ್ತಿ, ಮೇಲೆ ಗಾಜು ಹೇರಿ, ಬಿಸಿಲಿಗೆ ಹಿಡಿದು ಮುನ್ನೂರು ಎಣಿಸುವನು. ಬಿಸಿಲು ಬಿದ್ದಲ್ಲಿ ಸರೇಸು ಗಟ್ಟಿ. ಶಾಯಿಯ ನೆರಳಿದ್ದಲ್ಲಿ ಮೆತ್ತಗೆ. ನೀರು ಹೊಡೆದರೆ ಮೆತ್ತಗಿನದು ತೊಳೆದುಹೋಗಿ ಅಕ್ಷರದ ಕಿಂಡಿ ತೆರೆಯುತ್ತಿತ್ತು. ಆ ಕಿಂಡಿಯಿಂದ ಬಣ್ಣ ಇಳಿದು ಬಟ್ಟೆಗೆ ಕೂಡುವುದು.

ಆದರೆ ಫಿಲ್ಮು ಎರಡೂ ಕಡೆಯಿಂದ ಕಾಣುವ ವಸ್ತು. ಕನ್ನಡ ಓದಲು ಬಾರದವನಿಗೆ ಸೀದಾ ಯಾವುದು, ಉಲ್ಟಾ ಯಾವುದು?

"ಬರದ ಮಗ್ಗಲು ನಿಮ್ಮ ಕಡಿ ಇರಬೇಕು, ಮ್ಯಾಲಿನ ಬಲಮೂಲಿ ಕತ್ತರಿಸ್ರಿ," ಅಂದಿದ್ದ ಮಚ್ಛೇಂದ್ರ. "ಬರದ ಮಗ್ಗಲು ಕೆಳಗ ಮಾಡಿ, ಆ ಮೂಲಿ ನನ್ನ ಎಡಗೈಗೆ ಬರೂಹಂಗ ನಾ ಇಡ್ತೇನಿ. ಅಕ್ಷರ ನಾ ನೋಡಂಗಿಲ್ಲ. ಮೂಲಿ ನೋಡ್ತೇನಿ."

"ಇಷ್ಟು ನಂಬಿಕಿ?"

"ನಂಬಲಾರದ ಏನ ಮಾಡ್ಲಿ? ನೀವು ಕನ್ನಡ ಕಲಿಸಂಗಿಲ್ಲಲ್ಲ!"

"ನೀವು ಕಲ್ತ್ರ ನನ್ನ ಕೆಲಸ ಹೋಗ್ತದ್ರಿ ಮಚ್ಛೇಂದ್ರ."

ದಿನಾ ಕೇಳುವನು. ದಿನಾ ಆಕೆ ನಗೆಯಲ್ಲಿ ತೇಲಿಸುವಳು. ಕಲಿಸಿಬಿಟ್ಟರೆ ನಾಳೆ ಹತ್ತಿರ ಬಂದು ಕೇಳಲು ಅವನಿಗೆ ನೆಪ ಇರುವುದಿಲ್ಲವಲ್ಲ... ಇದೇ ಆಕೆಯ ಮನಸ್ಸಿನ ಕಳ್ಳತನ.

ದಸರೆಯ ಬನ್ನಿ ಕೊಡುವಾಗ ಅವನು ಮೆಲ್ಲಗೆ ಹೇಳಿದ. "ಒಂದನೇ ತಾರೀಖಿನ ಗದ್ದಲ ಮುಗೀಲಿ. ಕೇಶರಬಾಯಿ ಕಾಕಿನ್ನ ಭಾಲ್ಕಿಗೆ ಕಳಿಸ್ತೇನಿ. ನಿಮ್ಮವ್ವಗ ಕೇಳ್ಲಿಕ್ಕೆ."

"ಅವ್ವ ಜಾತಿ ಕೇಳ್ತಾಳ," ಅಂದಳು ಶಿವಕಾಂತಾ, ನೆಲ ನೋಡುತ್ತ.

"ನೀವೇನು ಕೇಳ್ತೀರಿ?"

"...ನಾ ಏನೂ ಕೇಳಂಗಿಲ್ಲ."

ಅಷ್ಟೇ ಮಾತು. ಆ ದಿನವೆಲ್ಲ ಆಕೆ ಬರೆದ ಒಂದಕ್ಷರವೂ ಸರಿ ಬೀಳಲಿಲ್ಲ!

ಅಕ್ಟೋಬರದ ಕೊನೆಗೆ ಬಟ್ಟೆ ವ್ಯಾಪಾರಿ ಶಿವರಾಜಪ್ಪ ದೊಡ್ಡ ಕೆಲಸ ತಂದರು. ಸ್ವಾಗತ ಸಮಿತಿಯ ಮುಂದಾಳು ಅವರೇ. ದಪ್ಪ ಮಾದರಪಾಟು ಬಟ್ಟೆಯ ನೂರಿಪ್ಪತ್ತು ಪತಾಕೆ. 'ಮೈಸೂರ ರಾಜ್ಯಕ್ಕೆ ಬೀದರ ಜನರ ಶರಣು' ಅಂತ ಬರೆಯಬೇಕು.

ಶಿವಕಾಂತಾ ಸೋಮವಾರ ಮುಂಜಾನೆ ಬರೆದು ಮುಗಿಸಿದಳು. ಶಾಯಿಯಲ್ಲಿ ಸೂಜಿಮೊನೆಯಷ್ಟು ತೂತು ಉಳಿದರೂ ಬಿಸಿಲು ನುಸುಳುತ್ತದೆ. ಅದಕ್ಕೆ ಫಿಲ್ಮು ಮಗುಚಿ, ಹಿಂದಿನಿಂದ ಬೆಳಕಿಗೆ ಹಿಡಿದು ನೋಡುತ್ತಿದ್ದಳು. ಅಷ್ಟರಲ್ಲಿ ಗಿರಿಜಾಬಾಯಿ ಏದುಸಿರು ಬಿಡುತ್ತ ಬಂದಳು. "ಶಿವಕಾಂತಾ, ಅಕ್ಕಗ ಜ್ವರ ನೆತ್ತಿಗೇರ್ಯಾವಂತ! ಭಾಲ್ಕಿ ಮೋಟರ ಹೊಂಟದ, ನಡಿ!"

ಆಕೆ ಅವಸರದಲ್ಲಿ ಕತ್ತರಿ ಆಡಿಸಿ, ಫಿಲ್ಮು ಮೇಜಿನ ಮೇಲಿಟ್ಟು ಓಡಿದಳು.

ತಾಯಿಯ ಜ್ವರ ಇಳಿದು ಬುಧವಾರ ತಿರುಗಿ ಬಂದಾಗ ಛಾಪಖಾನೆಯ ಮುಂದೆ ಜನ ಕೂಡಿತ್ತು. ಶಿವರಾಜಪ್ಪ ಒಂದು ಪತಾಕೆ ಹರವಿ ಹಿಡಿದಿದ್ದರು. ಕನ್ನಡಿಯಲ್ಲಿ ಕಂಡಂತೆ ಒಂದೊಂದು ಅಕ್ಷರವೂ ಉಲ್ಟಾ! ಯಾರೋ ಬಟ್ಟೆ ಮಗುಚಿ ನೋಡಿದರು. ದಪ್ಪ ಬಟ್ಟೆ, ಬಣ್ಣ ಹಿಂದಕ್ಕೆ ಇಳಿದಿರಲಿಲ್ಲ.

"ನೂರಿಪ್ಪತ್ತಕ್ಕ ನೂರಿಪ್ಪತ್ತು! ನಾಳೆ ಒಂದನೇ ತಾರೀಖ!" ಶಿವರಾಜಪ್ಪ ಕೂಗಾಡಿದರು. "ಉಸ್ತಾದ, ನಿಮ್ಮ ಮಂದ್ಯಾಗ ಒಬ್ಬರಿಗೂ ಕಣ್ಣಿಲ್ಲೇನು?"

"ಕಣ್ಣ ಅವ ಸಾಹೇಬ, ಕನ್ನಡ ಇಲ್ಲ," ಅಂದರು ಕುತುಬೋದ್ದೀನ, ಬೆವರು ಒರಸಿಕೊಳ್ಳುತ್ತ.

"ಇದು ಕಣ್ತಪ್ಪಲ್ರಿ. ಇವ ಔರಾದದವ. ಇವರ ಮರಾಠಿ ಮಂದಿಗೆ ಮುಂಬಯಿ ರಾಜ್ಯ ಬೇಕಾಗಿತ್ತು, ಸಿಗಲಿಲ್ಲ. ಬೇಕಂತ ಮಾಡ್ಯಾನ!" ಅಂದರು ಶಿವರಾಜಪ್ಪ.

ಎಲ್ಲರೂ ಮಚ್ಛೇಂದ್ರನನ್ನು ನೋಡಿದರು. ಅವನು ಶಿವಕಾಂತಾಳನ್ನು ನೋಡಿದ.

"ಹೇಳವ್ವಾ ಮಾಸ್ತರ ಮಗಳೇ," ಅಂದರು ಶಿವರಾಜಪ್ಪ. "ನೀ ಸೀದಾ ಬರದಿದ್ದಿ, ಹೌದಿಲ್ಲ?"

"ನಾ... ಸೀದಾನೇ ಬರದೀನ್ರಿ. ಗುರುತೂ ಮಾಡಿಟ್ಟಿದ್ದೆ."

"ಹಂಗಾದ್ರ ಉಲ್ಟಾ ಆಗ್ತದ ಅಂತ ಇವಗ ಗೊತ್ತಿತ್ತು, ಹೌದಿಲ್ಲ?"

ಒಂದು ಗಳಿಗೆ. 'ಇಷ್ಟು ದಿನ ಒಂದೂ ತಪ್ಪಲಿಲ್ಲ. ಈ ಸಲನೇ ಯಾಕ? ಖರೇನ ಮನಸಿನಾಗ ಇದೇ ಇತ್ತೇನು? ನನ್ನ ಮುಂದ ನಕ್ಕದ್ದೆಲ್ಲಾ...'

"ಅವರಿಗೆ ಗೊತ್ತಿತ್ತು," ಅಂದುಬಿಟ್ಟಳು.

ಮಚ್ಛೇಂದ್ರ ಒಳಗೆ ಹೋಗಿ ಕೈ ತೊಳೆದು, ಅಂಗಿ ಹಾಕಿಕೊಂಡು, ಜನರ ನಡುವೆ ಹಾದು ಹೊರಟುಹೋದ. ಹಿಂದಿನಿಂದ ಯಾರೋ ಉಗುಳಿದರು.

ಮರುದಿನ ಊರೆಲ್ಲ ಹಬ್ಬ. ಡೋಲು, ಗುಲಾಲು, ಪೇಢಾ. ಶಿವಕಾಂತಾ ಮೈಲೂರದ ಮನೆಯಲ್ಲಿ ಚಾದರ ಹೊದ್ದು ಮಲಗಿದ್ದಳು. 'ಮೋಸಗಾರ... ಮೋಸಗಾರ...' ಅಂತ ಸಾವಿರ ಸಲ ಅಂದುಕೊಂಡರೂ ಮನಸ್ಸು ಒಪ್ಪಲಿಲ್ಲ.

ಎಂಟು ದಿನದ ಮೇಲೆ, ಶಿವಕಾಂತಾ ಛಾಪಖಾನೆಯಲ್ಲಿ ಬರೆಯುತ್ತ ಕೂತಿದ್ದಾಗ, ಉಸ್ತಾದರ ಹೆಂಡತಿ ಜಾಹೇದಾ ಪರದೆಯ ಹಿಂದಿನ ಕತ್ತಲೆಕೋಣೆ ಕಸ ಹೊಡೆಯಲು ಬಂದಳು. ಸರೇಸಿನ ಡಬ್ಬಿಗಳ ಹಿಂದೆ, ಕರಿ ಬಟ್ಟೆಯಲ್ಲಿ ಸುತ್ತಿ ಅಡಗಿಸಿಟ್ಟ ಒಂದು ಫಿಲ್ಮು ಸಿಕ್ಕಿತು.

"ಬೇಟಿ, ಇದು ನಿನ್ನ ಅಕ್ಷರ ಅಲ್ಲೇನು? ಇಷ್ಟು ಜತನ ಮಾಡಿ ಯಾರು ಮುಚ್ಚಿಟ್ರೋ ಅಲ್ಲಾಗೇ ಗೊತ್ತು."

ಶಿವಕಾಂತಾ ಬರೆದ ಮಗ್ಗಲು ತನ್ನ ಕಡೆ ಹಿಡಿದಳು. ಮೈಸೂರ ರಾಜ್ಯಕ್ಕೆ... ಸೀದಾ ಇತ್ತು. ಬಲಮೂಲೆ ನೋಡಿದಳು.

ಬಲಮೂಲೆ ಇಡಿಯಾಗಿತ್ತು! ಕತ್ತರಿಸಿದ್ದು ಎಡಮೂಲೆ.

ಮಗುಚಿ ಹಿಡಿದಾಗಲೇ ಕತ್ತರಿ ಆಡಿಸಿದ್ದಳು ಆಕೆ. ಅವನು ಎಂದಿನಂತೆ ಮೂಲೆ ನಂಬಿ ಇಟ್ಟಿದ್ದ. ತಪ್ಪು ಆಕೆಯದು. ಅದನ್ನು ಯಾರ ಕಣ್ಣಿಗೂ ಬೀಳದಂತೆ ಬಚ್ಚಿಟ್ಟು ಹೋದವನು ಅವನು.

"ಯಾಕವ್ವ, ಮಾರಿ ಯಾಕ ಹಿಂಗಾತು?" ಅಂದಳು ಜಾಹೇದಾ.

"ಏನಿಲ್ಲರಿ."

ಈಗಲೇ ಓಡಿಹೋಗಿ ಹೇಳಬೇಕಿತ್ತು. ಹೇಳಲಿಲ್ಲ. ಹೊಸ ಸರಕಾರದ ಕಚೇರಿಗೆ ಕನ್ನಡ ಬರೆಯುವವರು ಬೇಕಾಗಿದ್ದರು. ಶಿವರಾಜಪ್ಪ ಆಕೆಯ ಹೆಸರು ಹೇಳಿದ್ದರು. ಮಾಸ್ತರ ಮಗಳೇ ರಾಜ್ಯದ ಹೆಸರು ಉಲ್ಟಾ ಮಾಡಿದಳು ಅಂತ ಗೊತ್ತಾದರೆ? 'ನಾಳೆ ಹೇಳ್ತೇನಿ...' ಅಂದಳು. ನಾಳೆ ಬಂತು. ಮತ್ತೊಂದು ನಾಳೆ ಬಂತು. ಹೀಗೆ ಹನ್ನೊಂದು ದಿನ ಹೋದವು.

ಒಂದೊಂದು ದಿನವೂ ನೆನಪಾಗುತ್ತಿತ್ತು. ನಾಲ್ಕು ಅಕ್ಷರ ಕಲಿಸಿದ್ದರೆ ಅವನೇ ತಪ್ಪು ಹಿಡಿಯುತ್ತಿದ್ದ. ಆಟಕ್ಕಂತ ಕಲಿಸದೆ ಉಳಿದಿದ್ದಳು.

ಹನ್ನೆರಡನೇ ದಿನ, ಬುಧವಾರ, ಶಿವರಾಜಪ್ಪ ಮತ್ತೇನೋ ಕೆಲಸಕ್ಕೆ ಬಂದು ನಗುತ್ತ ಅಂದರು, "ಉಸ್ತಾದ, ಆ ಔರಾದದ ಹಾವು ಹೋದ ಮ್ಯಾಲೆ ಛಾಪಖಾನಿ ಸ್ವಚ್ಛ ಆಯ್ತು ನೋಡ್ರಿ."

ಶಿವಕಾಂತಾ ಎದ್ದು ನಿಂತಳು. ಫಿಲ್ಮು ತಂದು ಮೇಜಿನ ಮೇಲೆ ಹರವಿದಳು.

"ಮೂಲಿ ಕತ್ತರಿಸಿದ್ದು ನಾನು. ತಪ್ಪ ಮೂಲಿ. ಅವರಿಗೆ ಗೊತ್ತಿರಲಿಲ್ಲ. ನಾ ಅವತ್ತು ಸುಳ್ಳ ಹೇಳಿದೆ. ಇದು ಗೊತ್ತಾಗಿ ಹನ್ನೊಂದು ದಿನ ಆಯ್ತು."

ಶಿವರಾಜಪ್ಪರ ನಗೆ ಆರಿತು. "ಕಚೇರಿ ಕೆಲಸದ ಮಾತು ಇನ್ನ ಬಿಡು," ಅಂದು ಚಪ್ಪಲಿ ಮೆಟ್ಟಿ ಹೋದರು. ಕುತುಬೋದ್ದೀನ ತಲೆಯ ಮೇಲೆ ಕೈ ಹೊತ್ತು ಕೂತರು. "ಯಾ ಅಲ್ಲಾ... ಆ ಪೋರ ಹೋಗುವಾಗ ನಾನೂ ತಡೀಲಿಲ್ಲಲ್ಲ! ಹೋಗು ಬೇಟಿ. ಉಸ್ತಾದ ಕರದಾನ ಅನ್ನು."

ಮರುದಿನ ಮೊದಲ ಮೋಟರಿಗೆ ಶಿವಕಾಂತಾ ಔರಾದಕ್ಕೆ ಹೋದಳು.

ಕೇಶರಬಾಯಿ ಬಾಗಿಲಲ್ಲೇ ತಡೆದಳು. "ಬರದಾಕಿ ನೀನೇನು? ಬಾಳ ಚಲೋ ಬರದಿ ನನ್ನ ಹುಡುಗನ ಹಣೀಬರಹ! ಗಡಿ ಆಚಿ ಉದಗೀರಕ್ಕ ಹೊಂಟಾನ. ಅಡ್ಡ್ಯಾಗ ಅದಾನ, ಹೋಗು."

ಮೋಟರ ಅಡ್ಡೆಯಲ್ಲಿ ಬೇವಿನ ಗಿಡದ ಕೆಳಗೆ ಮಚ್ಛೇಂದ್ರ ಕೂತಿದ್ದ. ಗಡ್ಡ ಬಂದಿತ್ತು. ಆಕೆಯನ್ನು ಕಂಡು ಎದ್ದ.

"ಮೂಲಿ ನೋಡಿದೆ," ಅಂದಳು ಶಿವಕಾಂತಾ. ಅಳು ಉಕ್ಕಿತು. "ಎಲ್ಲಾರ ಮುಂದ ಹೇಳಿ ಬಂದೀನಿ. ಉಸ್ತಾದರು ಕರದಾರ."

"ಹೇಳಿದ್ರಿ?"

"ಹೇಳಿದೆ. ನಿಮಗ ಗೊತ್ತಿದ್ದೂ ಯಾಕ ಸುಮ್ಮಿದ್ರಿ? ಯಾಕ ಬಚ್ಚಿಟ್ರಿ?"

"ನಿಮ್ಮ ಹೆಸರು ಕೆಡಬಾರದಂತ. ತಪ್ಪು ನಾ ಹೊತ್ಕೋತಿದ್ದೆ, ಅದೇನು ದೊಡ್ಡದಲ್ಲ. ಕೈ ತಪ್ಪಿತು ಅಂತ ಹೇಳವನಿದ್ದೆ." ಅವನು ದೂರ ನೋಡಿದ. "ನೀವು ಸುಮ್ಮ ನಿಂತಿದ್ರ ಸಾಕಿತ್ತು ಶಿವಕಾಂತಾ. 'ಅವರಿಗೆ ಗೊತ್ತಿತ್ತು' ಅಂದ್ರಿ. ಊರ ಮಂದಿ ಅಂದದ್ದು ನಾ ಮರೀತೇನಿ..."

ಆಕೆ ಸೆರಗಿನಿಂದ ಕಣ್ಣು ಒರೆಸಿಕೊಂಡಳು.

"ನನ್ನ ಮ್ಯಾಲ ಸಿಟ್ಟಿಲ್ಲೇನ್ರಿ?"

"ಸಿಟ್ಟಿದ್ರ ಬಿಟ್ಟು ಹೋಗೂದು ಸರಳಿತ್ತು."

"ಹಂಗಾದ್ರ ಬರ್ರಿ. ಇಲ್ಲಾ, ನಾನೇ ನಿಮ್ಮ ಕೂಡ ಬರ್ತೇನಿ!"

"ನೀವು ಇವತ್ತು ಬಂದ್ರ ತಪ್ಪು ತೀರಸ್ಲಿಕ್ಕೆ ಬಂದಂಗ ಆಗ್ತದ. ಹಂಗ ಬ್ಯಾಡ." ಅವನು ತನ್ನ ಗಂಟಿನ ಹಗ್ಗ ಬಿಗಿದ. "ನಾ ಬೀದರಿಗೆ ಬಂದ್ರ, ಇನ್ನ ಪ್ರತಿ ಸಲ ಒಂದಕ್ಷರ ಸೊಟ್ಟ ಬಿದ್ರೂ ಎಲ್ಲಾರೂ ನನ್ನ ಮಾರಿ ನೋಡ್ತಾರ. ಉದಗೀರದಾಗ ಪಂಢರಿ ಮಾಮಾನ ಛಾಪಖಾನಿಗೆ ಬರ್ತೇನಿ ಅಂತ ಮಾತು ಕೊಟ್ಟೀನಿ."

ಅವನು ಗಿಡದ ಬುಡದಲ್ಲಿದ್ದ ಬುತ್ತಿ ಕೈಗೆತ್ತಿಕೊಂಡ.

"ಮುಂಜಾನಿ ಏನರ ತಿಂದೀರಿ?" ಅಂದ ಮಚ್ಛೇಂದ್ರ.

"ಇಲ್ಲ."

ಅವನು ಬುತ್ತಿ ಬಿಚ್ಚಿ ಜೋಳದ ರೊಟ್ಟಿ ಮುರಿದ. ಪುಂಡಿಪಲ್ಲೆ ಇಟ್ಟು ದೊಡ್ಡ ಚೂರು ಆಕೆಗೆ ಕೊಟ್ಟ. ಇಬ್ಬರೂ ಗಿಡದ ಕೆಳಗೆ ನಿಂತೇ ತಿಂದರು. ಆಕೆಯ ಕಣ್ಣೀರು ರೊಟ್ಟಿಯ ಮೇಲೆ ಬಿತ್ತು. ಅವನು ಕಂಡೂ ಕಾಣದವನಂತೆ ನೀರಿನ ತಂಬಿಗೆ ಮುಂದೆ ಹಿಡಿದ.

ಮೋಟರ ಬಂತು. ಅವನು ಹತ್ತಿ ಕಿಟಕಿಯ ಬದಿ ಕೂತ. ಶಿವಕಾಂತಾ ಕಿಟಕಿಯ ಸರಳು ಹಿಡಿದಳು.

"ಕಾಯ್ತೇನಿ ಅನ್ಲೇನ್ರಿ?"

ಮಚ್ಛೇಂದ್ರ ಆಕೆಯ ಬೆರಳುಗಳ ಮೇಲೆ ತನ್ನ ಕೈ ಇಟ್ಟ. "ಅನಬ್ಯಾಡ್ರಿ. ಅಂದ್ರ ನಾ ಇಳದುಬಿಡ್ತೇನಿ."

ಆಕೆಯ ತುಟಿ ಅಲುಗಿತು. ಮಾತು ನಾಲಿಗೆಯ ತುದಿಗೆ ಬಂದಿತ್ತು. ಅವನು ಇಳಿದರೆ ಮತ್ತೆ ಆ ಓಣಿಗೆ, ಆ ಕಣ್ಣುಗಳ ಮುಂದಕ್ಕೆ... ಆಕೆ ಅನ್ನಲಿಲ್ಲ.

"ಹುಷಾರ್ರಿ," ಅಂದಳು.

"ನೀವೂ ಹುಷಾರ. ಅವ್ವಗ ಔಷಧ ಬಿಡಿಸಬ್ಯಾಡ್ರಿ."

ಮಚ್ಛೇಂದ್ರ ಔರಾದ ಬಿಟ್ಟು ಹೋದದ್ದು ಐವತ್ತಾರನೇ ಇಸವಿ ನವೆಂಬರ ಇಪ್ಪತ್ತೆರಡು, ಗುರುವಾರ.